ಸೀರಮ್‌ನಲ್ಲಿ ಟ್ರೇಸ್ ಎಲಿಮೆಂಟ್ ಅಳೆಯುವುದು: ಕ್ರೋಮಿಯಂ ಏರುತ್ತಿದೆ, ಸೆಲೆನಿಯಂ ತಾಳೆಯಾಗುತ್ತಿಲ್ಲ, ಅನುಭವವಿದ್ದವರು ತಿಳಿಸಿ

ಪ್ರಶ್ನೆ

ನಾನು ಜೀವರಸಾಯನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿಗೆ ಈಚೆಗೆ ಐಸಿಪಿ-ಎಂಎಸ್ (ಮಾದರಿಯನ್ನು ಬಿಸಿ ಆರ್ಗಾನ್ ಪ್ಲಾಸ್ಮಾದಲ್ಲಿ ಅಯಾನುಗಳಾಗಿಸಿ, ದ್ರವ್ಯರಾಶಿಯಂತೆ ಬೇರ್ಪಡಿಸಿ ಧಾತುಗಳನ್ನು ಅಳೆಯುವ ಯಂತ್ರ) ಬಂದಿದೆ. ಒಂದೇ ಕ್ವಾಡ್ರುಪೋಲ್ (ದ್ರವ್ಯರಾಶಿ ಆರಿಸುವ ಶೋಧಕ) ಇರುವ ಯಂತ್ರ, ಅಡ್ಡಿ ಮಾಡುವ ಕೂಡು ಅಯಾನುಗಳನ್ನು ತಡೆಯುವ ಹೀಲಿಯಂ ಸೆಲ್ ಇದೆ. ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಅತ್ಯಲ್ಪ ಪ್ರಮಾಣದಲ್ಲಿರುವ ಟ್ರೇಸ್ ಎಲಿಮೆಂಟ್‌ಗಳಾದ ತಾಮ್ರ, ಸತು, ಸೆಲೆನಿಯಂ, ಮ್ಯಾಂಗನೀಸ್, ಕ್ರೋಮಿಯಂ, ಕೋಬಾಲ್ಟ್ ಅಳೆಯಬೇಕು. ಸದ್ಯ ಸೀರಮ್ ಅನ್ನು ಶೇಕಡಾ 2ರ ನೈಟ್ರಿಕ್ ಆಮ್ಲದಲ್ಲಿ ಹತ್ತು ಪಟ್ಟು ತೆಳು ಮಾಡಿ ನೇರವಾಗಿ ಕೊಡುತ್ತಿದ್ದೇವೆ. ಸ್ಟ್ಯಾಂಡರ್ಡ್‌ಗಳೂ (ಹೋಲಿಕೆಗೆ ಬಳಸುವ, ಸಾಂದ್ರತೆ ಗೊತ್ತಿರುವ ದ್ರಾವಣಗಳು) ಅದೇ ಆಮ್ಲದಲ್ಲಿವೆ.

ತೊಂದರೆಗಳು ಹೀಗಿವೆ. ಆರೋಗ್ಯವಂತರಲ್ಲೂ ಕ್ರೋಮಿಯಂ ಲೀಟರಿಗೆ 2–3 ಮೈಕ್ರೋಗ್ರಾಂ ತೋರಿಸುತ್ತಿದೆ. ಮ್ಯಾಂಗನೀಸ್ ಒಬ್ಬರದೇ ಎರಡು ಮಾದರಿಗಳಲ್ಲಿ ಎರಡು ಬಗೆ. ಸೆಲೆನಿಯಂ ಕಂಟ್ರೋಲ್ ಸೀರಮ್‌ನಲ್ಲೂ (ಮೌಲ್ಯ ಮೊದಲೇ ಗೊತ್ತಿರುವ ತಪಾಸಣೆ ಸೀರಮ್) ಮೇಲಿನ ಮಿತಿ ದಾಟುತ್ತದೆ. ಇಂಟರ್ನಲ್ ಸ್ಟ್ಯಾಂಡರ್ಡ್ (ಎಲ್ಲ ದ್ರಾವಣಗಳಿಗೂ ಒಂದೇ ಪ್ರಮಾಣದಲ್ಲಿ ಸೇರಿಸುವ ಬೇರೊಂದು ಧಾತು) ಸಂಕೇತ ಸಂಜೆಯ ಹೊತ್ತಿಗೆ ಕುಸಿದಿರುತ್ತದೆ, ನೆಬ್ಯುಲೈಸರ್ (ದ್ರಾವಣವನ್ನು ತುಂತುರಾಗಿಸುವ ಭಾಗ) ಆಗಾಗ ಕಟ್ಟಿಕೊಳ್ಳುತ್ತದೆ. ಟ್ರಿಪಲ್ ಕ್ವಾಡ್ರುಪೋಲ್ ಇಲ್ಲದೆ ಇದು ಸಾಧ್ಯವೇ ಇಲ್ಲವೆಂದು ಕೆಲವರು ಹೇಳುತ್ತಾರೆ, ನಿಜವೇ? ಇದರ ಜೊತೆಗೆ ವೈದ್ಯರು ಅದೇ ಸೀರಮ್‌ನಲ್ಲಿ ಸೀಸವನ್ನೂ ನೋಡಿಕೊಡಿ ಎನ್ನುತ್ತಿದ್ದಾರೆ.

ಉತ್ತರ 1: ರಕ್ತ ಸಂಗ್ರಹದ ಹೊಣೆ ನೋಡಿಕೊಳ್ಳುವವರು

ಮೇಡಂ, ಯಂತ್ರವನ್ನು ಸದ್ಯಕ್ಕೆ ಬದಿಗಿಡಿ. ಕ್ರೋಮಿಯಂ ಮತ್ತು ಮ್ಯಾಂಗನೀಸ್ ವಿಚಾರದಲ್ಲಿ ನಿಮ್ಮ ತೊಂದರೆ ಮಾದರಿ ಯಂತ್ರದ ಬಳಿಗೆ ಬರುವ ಮುನ್ನವೇ ಆಗಿರುವ ಸಂಭವ ಹೆಚ್ಚು.

ಆರೋಗ್ಯವಂತರ ಸೀರಮ್‌ನಲ್ಲಿ ಕ್ರೋಮಿಯಂ ಲೀಟರಿಗೆ ಒಂದು ಮೈಕ್ರೋಗ್ರಾಂನ ಕೆಲವು ದಶಾಂಶಗಳಷ್ಟೇ ಇರುತ್ತದೆ. ಹಿಂದೆ ಪ್ರಕಟವಾದ ಮೌಲ್ಯಗಳು ಇದರ ಹತ್ತಾರು, ನೂರಾರು ಪಟ್ಟು ಇದ್ದವು. ಬೆಲ್ಜಿಯಂನ ಗೆಂಟ್‌ನಲ್ಲಿ ಜಾಕ್ ವರ್ಸಿಕ್ ಮತ್ತು ರೀಟಾ ಕಾರ್ನೆಲಿಸ್ 1980ರಲ್ಲಿ ಆವರೆಗಿನ ಮೌಲ್ಯಗಳನ್ನೆಲ್ಲ ಸಾಲಾಗಿಟ್ಟು ನೋಡಿದರು. ಅಷ್ಟೊಂದು ವ್ಯತ್ಯಾಸಕ್ಕೆ ಕಾರಣ ಮನುಷ್ಯರ ರಕ್ತವಲ್ಲ, ಸೂಜಿ, ಪಾತ್ರೆ ಮತ್ತು ಧೂಳು ಎಂಬುದು ಆಗ ಸ್ಪಷ್ಟವಾಯಿತು. ಸೂಜಿಯ ಉಕ್ಕಿನಲ್ಲೇ ಕ್ರೋಮಿಯಂ ಇದೆ, ನಿಕಲ್ ಇದೆ, ಮ್ಯಾಂಗನೀಸ್ ಇದೆ. ಸಾಮಾನ್ಯ ಟ್ಯೂಬ್‌ನ ರಬ್ಬರ್ ಮುಚ್ಚಳದಲ್ಲಿ ಸತು ಇದೆ. ಪುಡಿ ಸವರಿದ ಕೈಗವಸಿನಿಂದಲೂ ಸತು ಉದುರುತ್ತದೆ.

ಈ ಪರೀಕ್ಷೆ ಮಾಡಿ ನೋಡಿ. ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಅತಿಶುದ್ಧ ನೀರಿಟ್ಟು, ನೀವು ದಿನವೂ ಬಳಸುವ ಸೂಜಿಯಿಂದಲೇ ಅದನ್ನು ಟ್ಯೂಬ್‌ಗೆ ಎಳೆಯಿರಿ. ರಕ್ತ ಹೆಪ್ಪುಗಟ್ಟಲು ಬಿಡುವಷ್ಟೇ ಹೊತ್ತು ಬಿಡಿ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಅದೇ ಪಿಪೆಟ್ ತುದಿಯಿಂದ ಅದೇ ಬಗೆಯ ಪುಟ್ಟ ಸೀಸೆಗೆ ತೆಗೆದು, ಅದೇ ಫ್ರೀಜರ್‌ನಲ್ಲಿಟ್ಟು, ಮರುದಿನ ಮಾದರಿಯಂತೆಯೇ ಅಳೆಯಿರಿ. ಅಲ್ಲಿ ಬಂದ ಕ್ರೋಮಿಯಂ ಯಾವ ರೋಗಿಯದ್ದೂ ಅಲ್ಲ. ಆಮೇಲೆ ಒಂದೊಂದೇ ಹಂತ ಬಿಟ್ಟು ಅಳೆದರೆ ಕಳ್ಳ ಎಲ್ಲಿದ್ದಾನೆಂದು ಗೊತ್ತಾಗುತ್ತದೆ. ಡೈಲ್ಯೂಯೆಂಟನ್ನು (ತೆಳು ಮಾಡುವ ದ್ರವ) ಮಾತ್ರ ಅಳೆದು ಬ್ಲ್ಯಾಂಕ್ (ಮಾದರಿಯಿಲ್ಲದ ಅಳತೆ) ಚೆನ್ನಾಗಿದೆ ಎಂದು ಬರೆದಿಡುವ ಪ್ರಯೋಗಾಲಯಗಳೇ ಹೆಚ್ಚು. ಅದರಿಂದ ಏನೂ ತಿಳಿಯುವುದಿಲ್ಲ.

ಟ್ಯೂಬ್ ಕಡು ನೀಲಿ ಮುಚ್ಚಳದ, ಟ್ರೇಸ್ ಎಲಿಮೆಂಟ್‌ಗೆಂದೇ ಮಾಡಿದ್ದು ಇರಲಿ. ಸೀರಮ್‌ಗೆ ಇಡಿಟಿಎ (ಲೋಹಗಳನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇಲ್ಲದ ಬಗೆಯೇ ಬೇಕು. ಜೆಲ್ ಇರುವ ಟ್ಯೂಬ್ ಬೇಡ. ಆ ನೀಲಿ ಟ್ಯೂಬ್ ಎಷ್ಟನೆಯದಾಗಿ ತೆಗೆಯಬೇಕು ಎಂಬುದಕ್ಕೆ ಎರಡು ಅಭಿಪ್ರಾಯಗಳಿವೆ. ಬೇರೆ ಟ್ಯೂಬ್‌ಗಳ ಮುಚ್ಚಳದಿಂದ ಸೂಜಿ ಕೆಡುವ ಮುನ್ನ ಮೊದಲೇ ತೆಗೆಯಬೇಕೆನ್ನುವವರು ಕೆಲವರು. ಉಕ್ಕಿನ ಲೋಹ ಮೊದಲ ಕೆಲವು ಮಿಲಿಲೀಟರ್‌ನಲ್ಲೇ ಹೆಚ್ಚು ಬರುವುದರಿಂದ ಕೊನೆಗೆ ತೆಗೆಯಬೇಕೆನ್ನುವವರು ಇನ್ನು ಕೆಲವರು. ನಾವು ಎರಡು ನೀಲಿ ಟ್ಯೂಬ್ ತೆಗೆದು ಮೊದಲನೆಯದನ್ನು ಬೇರೆ ಪರೀಕ್ಷೆಗೆ ಕೊಡುತ್ತೇವೆ. ಜಗಳ ಮುಗಿಯಿತು.

ಇನ್ನು ಮ್ಯಾಂಗನೀಸ್. ಪೂರ್ಣ ರಕ್ತದಲ್ಲಿ ಇದು ಲೀಟರಿಗೆ ಸುಮಾರು 4ರಿಂದ 15 ಮೈಕ್ರೋಗ್ರಾಂ ಇದ್ದರೆ, ಸೀರಮ್‌ನಲ್ಲಿ ಒಂದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬಹುಮಟ್ಟಿಗೆ ಕೆಂಪು ರಕ್ತಕಣಗಳೊಳಗಿದೆ. ಸ್ವಲ್ಪ ಕಣಗಳು ಒಡೆದರೂ ಸೀರಮ್‌ನ ಅಂಕಿ ಹಾರುತ್ತದೆ. ಸತುವಿನದ್ದೂ ಇದೇ ಕಥೆ. ಟ್ಯೂಬನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ತಿಳಿ ಹಳದಿಯ ಬದಲು ಗುಲಾಬಿ ಛಾಯೆ ಕಂಡರೆ ಮ್ಯಾಂಗನೀಸ್ ವರದಿ ಕೊಡಬೇಡಿ. ವಿಶ್ಲೇಷಕ ಯಂತ್ರದಲ್ಲಿ ಹೀಮೋಲಿಸಿಸ್ (ಕೆಂಪು ಕಣ ಒಡೆಯುವಿಕೆ) ಸೂಚ್ಯಂಕ ಸಿಗುವುದಾದರೆ ಕಣ್ಣಂದಾಜಿಗಿಂತ ಅದೇ ಮೇಲು. ಸೀರಮ್ ಬೇರ್ಪಡಿಸುವುದನ್ನು ಎರಡು ಗಂಟೆಗಿಂತ ಮುಂದೂಡಬೇಡಿ.

ಉತ್ತರ 2: ಮಾದರಿ ಸಿದ್ಧಪಡಿಸುವ ವಿಭಾಗದಿಂದ

ಶೇಕಡಾ 2ರ ನೈಟ್ರಿಕ್ ಆಮ್ಲವೇ ನಿಮ್ಮ ನೆಬ್ಯುಲೈಸರ್ ಕಟ್ಟಿಕೊಳ್ಳಲು ಕಾರಣ. ಸೀರಮ್‌ನಲ್ಲಿ ಲೀಟರಿಗೆ ಸುಮಾರು 70 ಗ್ರಾಂ ಪ್ರೋಟೀನ್ ಇದೆ. ಅಷ್ಟು ಆಮ್ಲ ಬಿದ್ದರೆ ಅದು ಒಡೆದು ಮೊಸರಾಗುತ್ತದೆ. ತೆಳು ಮಾಡಿದ ಟ್ಯೂಬನ್ನು ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದರೆ ಮಬ್ಬು ಕಾಣಿಸುತ್ತದೆ. ಆ ಮಬ್ಬಿನೊಂದಿಗೆ ಪ್ರೋಟೀನ್‌ಗೆ ಅಂಟಿಕೊಂಡ ಲೋಹವೂ ತಳ ಸೇರಿರಬಹುದು.

ನಾವು ಕ್ಷಾರೀಯ ಡೈಲ್ಯೂಯೆಂಟ್ ಬಳಸುತ್ತೇವೆ: ಅಮೋನಿಯಾ ಸುಮಾರು ಶೇಕಡಾ 0.5, ಇಡಿಟಿಎ ಮತ್ತು ಟ್ರೈಟಾನ್ ಎಕ್ಸ್-100 ತಲಾ ಶೇಕಡಾ 0.05, ಬ್ಯೂಟನಾಲ್ ಶೇಕಡಾ 1–2. ಇದರಲ್ಲಿ ಸೀರಮ್ ಇಪ್ಪತ್ತು ಪಟ್ಟು. ಪ್ರೋಟೀನ್ ಕರಗಿಯೇ ಇರುತ್ತದೆ, ಟ್ರೈಟಾನ್ ಕೊಬ್ಬನ್ನು ಹಿಡಿದಿಡುತ್ತದೆ. ಇಡಿಟಿಎ ಬಿಟ್ಟರೆ ಕೆಲಸ ಕೆಡುತ್ತದೆ. ಕ್ಷಾರದಲ್ಲಿ ಮ್ಯಾಂಗನೀಸ್, ಕಬ್ಬಿಣದಂಥವು ಹೈಡ್ರಾಕ್ಸೈಡ್ ಆಗಿ ಟ್ಯೂಬ್ ಗೋಡೆಗೆ ಕೂರುತ್ತವೆ. ಅದೂ ಪ್ರೋಟೀನ್ ಇಲ್ಲದ ಸ್ಟ್ಯಾಂಡರ್ಡ್‌ಗಳಲ್ಲಿ ಬೇಗ.

ಒಂದು ಎಚ್ಚರಿಕೆಯನ್ನು ಯಾರೂ ಬರೆದಿಡುವುದಿಲ್ಲ. ಕ್ಷಾರೀಯ ಮಾದರಿ ಕೊಟ್ಟು, ನಡುವೆ ಆಮ್ಲದಲ್ಲಿ ತೊಳೆದರೆ ಕೊಳವೆಯೊಳಗೇ ಪ್ರೋಟೀನ್ ಹೆಪ್ಪುಗಟ್ಟುತ್ತದೆ. ತೊಳೆಯುವ ದ್ರವವೂ ಡೈಲ್ಯೂಯೆಂಟ್ ಬಗೆಯದೇ ಆಗಿರಲಿ. ಆಮ್ಲ ಕೊಡಲೇಬೇಕಾದರೆ ದಿನದ ಕೊನೆಗೆ, ಮೊದಲು ಡೈಲ್ಯೂಯೆಂಟ್, ನಂತರ ನೀರು, ಆಮೇಲೆ ಆಮ್ಲ.

ಉತ್ತರ 3

ಮೇಲಿನವರ ಮಾತಿಗೆ ಸಣ್ಣ ತಕರಾರು. ಆಮ್ಲವೇ ತಪ್ಪು ಎನ್ನುವಂತಿಲ್ಲ, ಪ್ರಮಾಣ ತಪ್ಪು. ಶೇಕಡಾ 0.1ರ ನೈಟ್ರಿಕ್ ಆಮ್ಲಕ್ಕೆ ಟ್ರೈಟಾನ್ ಬೆರೆಸಿ, ಸೀರಮ್ ಅನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ತೆಳು ಮಾಡಿದರೆ ದಿನವಿಡೀ ತಿಳಿಯಾಗಿ ನಿಲ್ಲುತ್ತದೆ. ಇಡಿಟಿಎ ಪುಡಿ, ಅಮೋನಿಯಾ ಎರಡರಲ್ಲೂ ಕ್ರೋಮಿಯಂ, ಸತು ಸೇರಿ ಬರಬಹುದು. ಪ್ರತಿ ಹೊಸ ಬಾಟಲಿ ತೆರೆದಾಗ ಬ್ಲ್ಯಾಂಕ್ ನೋಡದೆ ಕೆಲಸ ಶುರು ಮಾಡಲಾಗದು. ಅತಿಶುದ್ಧ ನೈಟ್ರಿಕ್ ಆಮ್ಲ ಸಿಗುವಷ್ಟು ಸುಲಭವಾಗಿ ಅತಿಶುದ್ಧ ಇಡಿಟಿಎ ಸಿಗುವುದಿಲ್ಲ. ತಾಮ್ರ, ಸತು, ಸೆಲೆನಿಯಂ ಮಾತ್ರ ನೋಡುವವರಿಗೆ ಆಮ್ಲದ ದಾರಿ ಸಾಕು. ಪೂರ್ಣ ರಕ್ತವನ್ನೂ ಅದೇ ಯಂತ್ರದಲ್ಲಿ ಓಡಿಸುವ ಯೋಚನೆಯಿದ್ದರೆ ಕ್ಷಾರವೇ ಸರಿ, ಒಪ್ಪುತ್ತೇನೆ.

ಮಾದರಿಯನ್ನು ಮೈಕ್ರೋವೇವ್‌ನಲ್ಲಿ ಆಮ್ಲದೊಂದಿಗೆ ಪೂರ್ತಿ ಜೀರ್ಣಿಸುವ ಗೋಜಿಗೆ ಹೋಗಬೇಡಿ. ಸೀರಮ್‌ಗೆ ಅದರ ಅಗತ್ಯವಿಲ್ಲ. ಪಾತ್ರೆ ಹೆಚ್ಚಾದಷ್ಟೂ ಬ್ಲ್ಯಾಂಕ್ ಏರುತ್ತದೆ.

ಉತ್ತರ 4: ಯಂತ್ರದ ಮುಂದೆಯೇ ಕೂರುವವರು

ಟ್ರಿಪಲ್ ಕ್ವಾಡ್ರುಪೋಲ್ ಬೇಕೇ ಎಂದು ಕೇಳಿದ್ದೀರಿ. ನೀವು ಬರೆದ ಆರು ಧಾತುಗಳಿಗೆ ಬೇಡ. ಲೋಹದ ಕೀಲು ಹಾಕಿಸಿಕೊಂಡವರಲ್ಲಿ ಟೈಟಾನಿಯಂ ನೋಡಬೇಕಾದ ದಿನ ಬಂದರೆ ಆಗ ಯೋಚಿಸಿ. ಟೈಟಾನಿಯಂ ಅಳೆಯುವ ದ್ರವ್ಯರಾಶಿ 48ರಲ್ಲಿ ಕ್ಯಾಲ್ಸಿಯಂ ಕೂತಿದೆ, ಗಂಧಕದ ಆಕ್ಸೈಡ್ ಕೂತಿದೆ. 47ರಲ್ಲಿ ರಂಜಕದ ಆಕ್ಸೈಡ್. ಒಂದೇ ಕ್ವಾಡ್ರುಪೋಲ್‌ನಲ್ಲಿ ಅದನ್ನು ನಂಬುವಂತಿಲ್ಲ.

ನಿಮ್ಮ ಕ್ರೋಮಿಯಂಗೆ ಒಂದು ಸುಲಭ ಪರೀಕ್ಷೆ ಇದೆ. ದ್ರವ್ಯರಾಶಿ 52ರಲ್ಲಿ ಆರ್ಗಾನ್ ಮತ್ತು ಕಾರ್ಬನ್ ಕೂಡಿದ ಅಯಾನು ಬಂದು ಕೂರುತ್ತದೆ, ಕ್ಲೋರಿನ್-ಆಕ್ಸಿಜನ್-ಹೈಡ್ರೋಜನ್ ಕೂಡಿದ್ದೂ ಬರುತ್ತದೆ. 53ರಲ್ಲಿ ಮುಖ್ಯ ಅಡ್ಡಿ ಕ್ಲೋರಿನ್‌ನ ಆಕ್ಸೈಡ್. ಸೀರಮ್‌ನಲ್ಲಿ ಕ್ಲೋರೈಡ್ ಲೀಟರಿಗೆ ಮೂರೂವರೆ ಗ್ರಾಂನಷ್ಟಿದೆ ಎಂಬುದನ್ನು ನೆನಪಿಡಿ. ಹೀಲಿಯಂ ಹಾಕಿ ಎರಡನ್ನೂ ಅಳೆಯಿರಿ. ಎರಡೂ ಬೇರೆ ಬೇರೆ ಸಾಂದ್ರತೆ ಹೇಳಿದರೆ ಅಡ್ಡಿ ಪೂರ್ತಿ ಹೋಗಿಲ್ಲ, ಹೀಲಿಯಂ ಹರಿವು ಹೆಚ್ಚಿಸಿ ನೋಡಬೇಕು. ಎರಡೂ ಒಂದೇ ಹೇಳಿದರೆ ಆ ಟ್ಯೂಬ್‌ನಲ್ಲಿ ನಿಜವಾಗಿಯೇ ಕ್ರೋಮಿಯಂ ಇದೆ, ಆಗ ಮೊದಲ ಉತ್ತರಕ್ಕೆ ಹೋಗಿ.

ತಾಮ್ರ 63ಕ್ಕೆ ಆರ್ಗಾನ್-ಸೋಡಿಯಂ ಅಡ್ಡಿ, ಕೋಬಾಲ್ಟ್ 59ಕ್ಕೆ ಕ್ಯಾಲ್ಸಿಯಂ ಆಕ್ಸೈಡ್. ಇವೆಲ್ಲ ಹೀಲಿಯಂನಲ್ಲಿ ತಕ್ಕಮಟ್ಟಿಗೆ ತೊಲಗುತ್ತವೆ. ಸತುವಿಗೆ 64 ಬೇಡ, 66 ತೆಗೆದುಕೊಳ್ಳಿ.

ಸೆಲೆನಿಯಂ ಮಾತ್ರ ಬೇರೆ ಜಾತಿ. 80ರಲ್ಲಿ ಆರ್ಗಾನ್ ಜೋಡಿ ಇರುವುದರಿಂದ ಅದನ್ನು ಮರೆತು 78 ಬಳಸುತ್ತೇವೆ. ಸೆಲ್‌ಗೆ ಹೈಡ್ರೋಜನ್ ಕೊಡುವ ಸೌಲಭ್ಯವಿದ್ದರೆ ಹೀಲಿಯಂಗಿಂತ ಅದು ಚೆನ್ನ. ಇನ್ನೊಂದು ಅಪಾಯ ಕಾಣದೆಯೇ ಇರುತ್ತದೆ: ಎಂಆರ್‌ಐಗೆ ಚುಚ್ಚುವ ಗ್ಯಾಡೋಲಿನಿಯಂ. ಅದು ಯಂತ್ರದ ಆರ್ಗಾನ್ ಪ್ಲಾಸ್ಮಾದಲ್ಲಿ ಎರಡು ಎಲೆಕ್ಟ್ರಾನ್ ಕಳೆದುಕೊಂಡು, 156 ಇದ್ದದ್ದು 78ರಲ್ಲಿ ಬಂದು ನಿಲ್ಲುತ್ತದೆ. ಹೀಲಿಯಂ ಅದನ್ನು ತಡೆಯುವುದಿಲ್ಲ. ಆ ರೋಗಿಯ ಸೆಲೆನಿಯಂ ಆಕಾಶಕ್ಕೇರುತ್ತದೆ, ವೈದ್ಯರು ಸೆಲೆನಿಯಂ ಮಾತ್ರೆ ನಿಲ್ಲಿಸುತ್ತಾರೆ. ಗ್ಯಾಡೋಲಿನಿಯಂ 157 ಅನ್ನು ಪ್ರತಿ ಓಟದಲ್ಲೂ ಸುಮ್ಮನೆ ಅಳೆಯುತ್ತಿರಿ. ಅದು ತಲೆಯೆತ್ತಿದರೆ ಸೆಲೆನಿಯಂ ತಡೆಹಿಡಿಯಿರಿ. ಚುಚ್ಚುಮದ್ದಿನ ನಂತರ 96 ಗಂಟೆ ಬಿಟ್ಟು ಮಾದರಿ ತೆಗೆಯುವುದು ವಾಡಿಕೆ. ಮೂತ್ರಪಿಂಡ ಸರಿಯಿಲ್ಲದವರಲ್ಲಿ ಅದೂ ಸಾಲದು.

ಉತ್ತರ 5

ಕಂಟ್ರೋಲ್ ಸೀರಮ್‌ಗೆ ಎಂಆರ್‌ಐ ಆಗಿರುವುದಿಲ್ಲವಲ್ಲ! ಅದರಲ್ಲೂ ಸೆಲೆನಿಯಂ ಹೆಚ್ಚು ಬರಲು ಕಾರಣ ಕಾರ್ಬನ್. ಸೆಲೆನಿಯಂ ಅಯಾನೀಕರಣಕ್ಕೆ 9.75 ಎಲೆಕ್ಟ್ರಾನ್ ವೋಲ್ಟ್ ಬೇಕು. ಆರ್ಗಾನ್ ಪ್ಲಾಸ್ಮಾದಲ್ಲೂ ಅದು ಅರೆಬರೆಯಾಗಿಯೇ ಅಯಾನಾಗುತ್ತದೆ. ಕಾರ್ಬನ್ ಜೊತೆಗಿದ್ದರೆ ಅದರ ಅಯಾನುಗಳಿಂದ ಸೆಲೆನಿಯಂಗೆ ನೆರವು ಸಿಕ್ಕಿ ಸಂಕೇತ ಹೆಚ್ಚುತ್ತದೆ. ನಿಮ್ಮ ಸೀರಮ್‌ನಲ್ಲಿ ಪ್ರೋಟೀನ್‌ನ ಕಾರ್ಬನ್ ಇದೆ, ಬರಿಯ ಆಮ್ಲದ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ. ಎರಡನೆಯ ಉತ್ತರದಲ್ಲಿರುವ ಬ್ಯೂಟನಾಲ್ ಇದಕ್ಕೇ. ಸ್ಟ್ಯಾಂಡರ್ಡ್, ಬ್ಲ್ಯಾಂಕ್, ಮಾದರಿ ಮೂರಕ್ಕೂ ಅದು ಸಾಕಷ್ಟು ಸೇರಿದರೆ ಸೀರಮ್ ತರುವ ಕಾರ್ಬನ್ ಲೆಕ್ಕಕ್ಕೆ ಬರುವುದಿಲ್ಲ. ಆದರೆ 52ರ ಮೇಲಿನ ಆರ್ಗಾನ್-ಕಾರ್ಬನ್ ಅಡ್ಡಿ ಇದರಿಂದ ಹೆಚ್ಚುತ್ತದೆ, ಹೀಲಿಯಂ ಸೆಟ್ಟಿಂಗನ್ನು ಬ್ಯೂಟನಾಲ್ ಹಾಕಿದ ಮೇಲೆಯೇ ಸರಿಮಾಡಿಕೊಳ್ಳಿ.

ಸೆಲೆನಿಯಂಗೆ ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ ಯಟ್ರಿಯಂ ಹಾಕುವವರಿದ್ದಾರೆ. ದ್ರವ್ಯರಾಶಿ ಹತ್ತಿರವಿದೆ ಎಂಬುದಷ್ಟೇ ಕಾರಣ. ಅಯಾನೀಕರಣದಲ್ಲಿ ಅದು ಸೆಲೆನಿಯಂಗೆ ಯಾವ ಸಂಬಂಧವೂ ಇಲ್ಲದ್ದು. ಟೆಲ್ಲೂರಿಯಂ ಹೆಚ್ಚು ಹೊಂದುತ್ತದೆ, ಜರ್ಮೇನಿಯಂ ಕೂಡ ನಡೆಯುತ್ತದೆ. ಕೋಬಾಲ್ಟ್, ಕ್ರೋಮಿಯಂಗಳಿಗೆ ಸ್ಕ್ಯಾಂಡಿಯಂ ಅಥವಾ ರೋಡಿಯಂ.

ಇಂಟರ್ನಲ್ ಸ್ಟ್ಯಾಂಡರ್ಡ್‌ನ ಗೆರೆಯನ್ನು ಓದಲು ಕಲಿಯುವುದು ಬಹಳ ಉಪಯೋಗಕ್ಕೆ ಬರುತ್ತದೆ. ಸ್ಟ್ಯಾಂಡರ್ಡ್‌ನಿಂದ ಸೀರಮ್‌ಗೆ ಬಂದೊಡನೆ ಮೆಟ್ಟಿಲಿನಂತೆ ಇಳಿದು ಅಲ್ಲೇ ನಿಂತರೆ ಅದು ಉಪ್ಪು-ಪ್ರೋಟೀನ್‌ನ ಭಾರ, ಇನ್ನಷ್ಟು ತೆಳು ಮಾಡಿ. ಬೆಳಿಗ್ಗೆಯಿಂದ ಸಂಜೆಗೆ ನಿಧಾನವಾಗಿ ಜಾರಿದರೆ ಕೋನ್ (ಅಯಾನುಗಳು ಯಂತ್ರದೊಳಗೆ ಹಾದುಹೋಗುವ ಸಣ್ಣ ರಂಧ್ರದ ಭಾಗ) ಮೇಲೆ ಉಪ್ಪು ಕೂರುತ್ತಿದೆ. ಒಂದೇ ಮಾದರಿಯಲ್ಲಿ ಧುಮುಕಿ ಮತ್ತೆ ಮೇಲೆ ಬಂದರೆ ಪಿಪೆಟ್ ತುದಿಗೆ ಫೈಬ್ರಿನ್ (ಹೆಪ್ಪಿನ ನಾರು) ಎಳೆ ಸಿಕ್ಕಿದೆ ಎಂದು ಅನುಮಾನಿಸಿ. ಪೂರ್ತಿ ಹೆಪ್ಪುಗಟ್ಟುವ ಮೊದಲೇ ತಿರುಗಿಸಿದ ಸೀರಮ್‌ನಲ್ಲಿ ಇದು ಸಾಮಾನ್ಯ. ಹೊಸದಾಗಿ ತೊಳೆದ ಕೋನ್ ಹಾಕಿದ ದಿನ ಕ್ಯಾಲಿಬ್ರೇಶನ್‌ಗೆ ಮೊದಲು ತೆಳು ಮಾಡಿದ ಸೀರಮ್ ಅನ್ನು ಅರ್ಧ ಗಂಟೆ ಹರಿಸಿ. ಮೊದಲ ಕುಸಿತವೆಲ್ಲ ಅಲ್ಲೇ ಮುಗಿಯುತ್ತದೆ.

ಉತ್ತರ 6: ವರದಿಗೆ ಸಹಿ ಹಾಕುವವರು

ಸೀರಮ್‌ನಲ್ಲಿ ಸೀಸ ನೋಡುವುದಿಲ್ಲ ಎಂದು ವೈದ್ಯರಿಗೆ ಲಿಖಿತವಾಗಿ ತಿಳಿಸಿ. ರಕ್ತದ ಸೀಸದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಕೆಂಪು ಕಣಗಳಲ್ಲಿರುತ್ತದೆ. ಸೀರಮ್‌ನಲ್ಲಿ ಕಡಿಮೆ ಬಂದರೆ ವಿಷವಿಲ್ಲ ಎಂದು ಅವರು ತಿಳಿದುಕೊಳ್ಳುತ್ತಾರೆ. ಪೂರ್ಣ ರಕ್ತವೇ ಬೇಕು, ಇಡಿಟಿಎ ಟ್ಯೂಬ್‌ನಲ್ಲಿ. ಕೀಲು ಬದಲಿಸಿಕೊಂಡವರ ಕೋಬಾಲ್ಟ್, ಕ್ರೋಮಿಯಂ ವಿಷಯದಲ್ಲೂ ಮಾದರಿ ಯಾವುದೆಂದು ಕೇಳಿ. ಬ್ರಿಟನ್‌ನ ಔಷಧ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ 2010ರಲ್ಲಿ ಹೇಳಿದ ಲೀಟರಿಗೆ 7 ಮೈಕ್ರೋಗ್ರಾಂ ಎಂಬ ಗಡಿ ಪೂರ್ಣ ರಕ್ತದ್ದು. ಸೀರಮ್ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ತೀರ್ಮಾನಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸತುವಿನ ವರದಿಯೊಂದಿಗೆ ಸಿಆರ್‌ಪಿ (ಉರಿಯೂತ ತೋರಿಸುವ ಪ್ರೋಟೀನ್) ಮತ್ತು ಆಲ್ಬುಮಿನ್ (ಸೀರಮ್‌ನ ಮುಖ್ಯ ಪ್ರೋಟೀನ್) ಇರಲಿ. ಉರಿಯೂತವಿದ್ದಾಗ ಸತು, ಸೆಲೆನಿಯಂ ಎರಡೂ ಇಳಿಯುತ್ತವೆ, ತಾಮ್ರ ಏರುತ್ತದೆ. ಊಟವಾದ ಮೇಲೆ ಸತು ಇನ್ನೂ ಇಳಿಯುತ್ತದೆ. ಹಾಗಾಗಿ ಬೆಳಗಿನ ಖಾಲಿ ಹೊಟ್ಟೆಯ ಮಾದರಿಯೇ ಇರಲಿ. ಗರ್ಭಿಣಿಯರಲ್ಲಿ ತಾಮ್ರ ಹೆಚ್ಚಿರುವುದು ಸಹಜ, ಯಂತ್ರವನ್ನು ಬೈಯಬೇಡಿ.

ಸೆರೋನಾರ್ಮ್‌ನಂಥ ಕಂಟ್ರೋಲ್ ಸೀರಮ್, ಅಮೆರಿಕದ ಮಾಪನ ಸಂಸ್ಥೆ ಎನ್‌ಐಎಸ್‌ಟಿಯ 1598ಎ ಪ್ರಾಣಿ ಸೀರಮ್ ಎರಡನ್ನೂ ಬಳಸಿ. ಆದರೆ ಕಂಟ್ರೋಲ್ ಸರಿ ಬಂತೆಂದು ನಿಮ್ಮ ಸೂಜಿ, ಟ್ಯೂಬ್ ಶುದ್ಧವೆಂದು ಅರ್ಥವಲ್ಲ. ಕಂಟ್ರೋಲ್ ಸೀರಮ್ ಸೂಜಿಯೊಳಗೆ ಹಾದುಬಂದಿರುವುದಿಲ್ಲ. ಪುಡಿ ರೂಪದ್ದಕ್ಕೆ ನೀರು ಹಾಕಿದ ಮೇಲೆ ಕುಲುಕಿ ನೊರೆ ಎಬ್ಬಿಸದೆ ಮೆಲ್ಲಗೆ ತಿರುಗಿಸಿ, ಪೂರ್ತಿ ಕರಗಲು ಬಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ನೀರಿನ ಪರೀಕ್ಷೆ ಮಾಡಿದೆವು. ಸೂಜಿಗಿಂತ ಹೆಚ್ಚಿನ ಕ್ರೋಮಿಯಂ ಸೀರಮ್ ಶೇಖರಿಸುವ ಪುಟ್ಟ ಸೀಸೆಗಳಿಂದಲೇ ಬರುತ್ತಿದೆ. 52 ಮತ್ತು 53 ಎರಡೂ ಒಂದೇ ಹೇಳುತ್ತಿವೆ. ಡೈಲ್ಯೂಯೆಂಟನ್ನು ಕ್ಷಾರಕ್ಕೆ ಬದಲಿಸಿ ಬ್ಯೂಟನಾಲ್ ಸೇರಿಸಿದ ಮೇಲೆ ಸೆಲೆನಿಯಂ ಕಂಟ್ರೋಲ್ ಮಿತಿಯೊಳಗೆ ಬಂದಿದೆ. ಸೀಸೆಗಳನ್ನು ತೊಳೆದು ಬಳಸಬಹುದೇ, ಅಥವಾ ಬೇರೆ ಬಗೆಯವನ್ನೇ ತರಿಸಬೇಕೇ?

ಉತ್ತರ 1ರವರಿಂದ ಮತ್ತೆ

ತೊಳೆದು ನೋಡಿ, ಮೇಡಂ. ಶೇಕಡಾ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ಮುಳುಗಿಸಿ, ಮುಚ್ಚಳಗಳನ್ನೂ ಬಿಡಬೇಡಿ. ಅತಿಶುದ್ಧ ನೀರಿನಲ್ಲಿ ಮೂರು ಬಾರಿ ಜಾಲಿಸಿ, ಮುಚ್ಚಿದ ಶುದ್ಧ ಗಾಳಿಯ ಕಪಾಟಿನಲ್ಲಿ ಬೋರಲು ಹಾಕಿ ಒಣಗಿಸಿ. ಬಣ್ಣದ ಮುಚ್ಚಳ, ಒಳಗೆ ರಬ್ಬರ್ ಉಂಗುರ ಇರುವ ಸೀಸೆಗಳಾದರೆ ತೊಳೆದರೂ ಪ್ರಯೋಜನ ಕಡಿಮೆ, ಬಣ್ಣವಿಲ್ಲದ ಪಾಲಿಪ್ರೊಪಿಲೀನ್‌ನವನ್ನು ತರಿಸಿ. ಪ್ರತಿ ಹೊಸ ಪೆಟ್ಟಿಗೆಯಿಂದ ಕೆಲವನ್ನು ತೆಗೆದು ನೀರು ತುಂಬಿಸಿ ಅಳೆದ ಮೇಲೆಯೇ ಉಳಿದವನ್ನು ಬಳಕೆಗೆ ಬಿಡಿ, ಪೆಟ್ಟಿಗೆಯ ಬ್ಯಾಚ್ ಸಂಖ್ಯೆಯನ್ನು ಮಾದರಿಯ ದಾಖಲೆಯಲ್ಲಿ ಬರೆದಿಡಿ.