ಕೆಂಪಿಯನ್ನು ಏಳನೇ ಮಹಡಿಯ ಮನೆಗೆ ಹೇಗೆ ಸಿದ್ಧ ಮಾಡಲಿ?

ಕೆಂಪಿ_ಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾವಿರುವುದು ಹೆಬ್ಬಾಳದಲ್ಲಿ, ನೆಲಮಹಡಿಯ ಬಾಡಿಗೆ ಮನೆ. ಹನ್ನೊಂದು ವಾರದ ಹಿಂದೆ ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ, ಮೋರಿ ಪಕ್ಕ ಒಂದು ಹೆಣ್ಣು ನಾಯಿ ಬಿದ್ದಿತ್ತು. ಎದ್ದು ನಿಲ್ಲುವ ಶಕ್ತಿ ಇರಲಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆಗಳು ಹರಳು ಬೀಜ ಅಂಟಿಸಿದ ಹಾಗೆ ಕಚ್ಚಿಕೊಂಡಿದ್ದವು. ಒಸಡು ಸುಣ್ಣದಂತೆ ಬೆಳ್ಳಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಬರೀ 38 ಸಾವಿರ. ಟಿಕ್ ಫೀವರ್, ಅಂದರೆ ಉಣ್ಣೆ ಕಚ್ಚಿ ಬರುವ ಜ್ವರ ಅಂದರು ಡಾಕ್ಟರು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಬೇಯಿಸಿದ ಮೊಟ್ಟೆಯೊಳಗೆ ಬಚ್ಚಿಟ್ಟು ಕೊಟ್ಟೆ. ಬಂದಾಗ 11 ಕೆಜಿ ಇದ್ದವಳು ಈಗ 15 ಕೆಜಿ. ಮೈತುಂಬ ಹೊಸ ಕೂದಲು ಬಂದಿದೆ, ಹಳೇ ಬೆಲ್ಲದ ಬಣ್ಣ. ಅತ್ತೆ ಕೆಂಪಿ ಅಂತ ಹೆಸರಿಟ್ಟರು. ಹಲ್ಲು ನೋಡಿದ ಡಾಕ್ಟರು ಒಂದೂವರೆ ವರ್ಷ ಇರಬಹುದು ಅಂದಿದ್ದಾರೆ.

ಹುಷಾರಾದ ಮೇಲೆ ಒಳ್ಳೇ ಮನೆ ಹುಡುಕಿ ಕೊಡೋಣ ಅಂತಲೇ ಮೊದಲಿನಿಂದ ಅಂದುಕೊಂಡಿದ್ದು. ಈಗ ಬೆಂಗಳೂರಿನ ಒಂದು ಕುಟುಂಬ ಫೋಟೊ ನೋಡಿ ಫೋನ್ ಮಾಡಿದೆ. ಏಳನೇ ಮಹಡಿಯ ಫ್ಲ್ಯಾಟ್. ಒಂಬತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ಮಾತಾಡಿದರೆ ಒಳ್ಳೆಯವರು ಅನ್ನಿಸುತ್ತೆ. ಮುಂದಿನ ವಾರವೇ ಬಂದು ಕರೆದುಕೊಂಡು ಹೋಗುತ್ತೇವೆ ಅನ್ನುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ.

ಒಂದು, ಪೊರಕೆ. ಮನೆ ಕೆಲಸಕ್ಕೆ ಬರುವ ಅಕ್ಕ ಕಡ್ಡಿ ಪೊರಕೆ ಎತ್ತಿದರೆ ಸಾಕು, ಕೆಂಪಿ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ಕಣ್ಣು ಮುಚ್ಚಿ, ಮಲಗಿದಲ್ಲೇ ಉಚ್ಚೆ ಮಾಡಿಕೊಳ್ಳುತ್ತಾಳೆ. ಓಡಿ ಹೋಗಲ್ಲ. ಏಟು ಬೀಳಲಿ ಅಂತ ಕಾಯುವ ಹಾಗೆ ಮಲಗಿರುತ್ತಾಳೆ. ನೋಡಕ್ಕಾಗಲ್ಲ. ಈಗ ಅವಳು ಹಿತ್ತಲಲ್ಲಿರುವಾಗ ಮಾತ್ರ ಕಸ ಗುಡಿಸುತ್ತೇವೆ, ಆಮೇಲೆ ಪೊರಕೆಯನ್ನು ಬಚ್ಚಲಲ್ಲಿ ಅಡಗಿಸಿಡುತ್ತೇವೆ.

ಇನ್ನೊಂದು, ನಾನೇ. ನಾನು ಸ್ನಾನಕ್ಕೆ ಹೋದರೂ ಬಾಗಿಲಿಗೆ ಮೂತಿ ಒತ್ತಿಕೊಂಡು ಕೂರುತ್ತಾಳೆ. ಕೆಲಸಕ್ಕೆ ಹೊರಟರೆ ಗೇಟಿನ ಹತ್ತಿರ ಅರ್ಧ ಗಂಟೆ ಅಳುತ್ತಾಳಂತೆ, ಅತ್ತೆ ಮನೆಯಲ್ಲೇ ಇದ್ದರೂ. ರಾತ್ರಿ ನನ್ನ ಮಂಚದ ಪಕ್ಕವೇ ಮಲಗಬೇಕು. ಇಂಥವಳನ್ನು ಕಳಿಸಿದರೆ, ಮತ್ತೆ ಯಾರೋ ಬಿಟ್ಟು ಹೋದರು ಅಂದುಕೊಳ್ಳಲ್ವಾ?

ಎಷ್ಟು ದಿನ ತಗೊಳ್ಳಲಿ? ಏನೇನು ಕಲಿಸಲಿ? ಪೊರಕೆ ವಿಷಯ ಅವರಿಗೆ ಈಗಲೇ ಹೇಳಲಾ? ಹೇಳಿದ ಮೇಲೆ ಬೇಡ ಅಂದುಬಿಟ್ಟರೆ?

ಬನಶಂಕರಿ_ಅಕ್ಕ, ಬೆಂಗಳೂರು

ತಂಗೀ, ಮೊದಲು ಕೆಂಪಿಯನ್ನು ಬದುಕಿಸಿದ್ದಕ್ಕೆ ಕೈ ಮುಗಿಯುತ್ತೇನೆ. 38 ಸಾವಿರದಿಂದ ಎಬ್ಬಿಸಿ ನಿಲ್ಲಿಸುವುದು ಸಣ್ಣ ಕೆಲಸ ಅಲ್ಲ.

ನಾನು ಹನ್ನೊಂದು ವರ್ಷದಿಂದ ಫಾಸ್ಟರ್ ಮಾಡುತ್ತಿದ್ದೇನೆ, ಅಂದರೆ ಒಳ್ಳೇ ಮನೆ ಸಿಗುವ ತನಕ ನಾಯಿಗಳನ್ನು ಸಾಕಿಕೊಡುತ್ತೇನೆ. 34 ನಾಯಿಗಳು ನಮ್ಮ ಮನೆಯಿಂದ ಬೇರೆ ಮನೆಗೆ ಹೋಗಿವೆ. ಮುಂದಿನ ವಾರ ಬೇಡ. ಖಂಡಿತ ಬೇಡ. ಒಂದು ತಿಂಗಳು ಕೇಳಿ. ನಿಜವಾಗಿ ಬೇಕು ಅನ್ನುವವರು ಕಾಯುತ್ತಾರೆ. ಆ ತಿಂಗಳಲ್ಲಿ ಎರಡು ಸಲ ಮೈಸೂರಿಗೆ ಬಂದು ಅವಳ ಜೊತೆ ಕೂತು ಹೋಗಲಿ, ಮಕ್ಕಳ ಸಮೇತ.

ಪೊರಕೆಯನ್ನು ಅಡಗಿಸಬೇಡಿ. ನಿಮ್ಮ ಮನೆಯಲ್ಲಿ ಅಡಗಿಸಬಹುದು, ಆ ಮನೆಯಲ್ಲಿ ಯಾರು ಅಡಗಿಸುತ್ತಾರೆ? ನಮ್ಮಲ್ಲಿ ಪೊರಕೆ ಇಲ್ಲದ ಮನೆ ಎಲ್ಲಿದೆ? ಹೀಗೆ ಮಾಡಿ. ಹಾಲಿನ ಒಂದು ಮೂಲೆಯಲ್ಲಿ ಪೊರಕೆಯನ್ನು ನೆಲದ ಮೇಲೆ ಮಲಗಿಸಿ. ನಿಲ್ಲಿಸಬೇಡಿ, ಮಲಗಿಸಿ. ಯಾರೂ ಮುಟ್ಟಬಾರದು. ಕೆಂಪಿ ಎಷ್ಟು ದೂರದಲ್ಲಿ ಆರಾಮಾಗಿ ನಿಲ್ಲುತ್ತಾಳೋ ಅಲ್ಲಿ ಬೇಯಿಸಿದ ಕೋಳಿಯ ಸಣ್ಣ ಚೂರು ಹಾಕಿ. ಮೂಳೆ ಬೇಡ, ಉಪ್ಪು ಈರುಳ್ಳಿ ಬೇಡ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಚೂರನ್ನು ದಿನಾ ಒಂದು ಗೇಣು ಮುಂದೆ ಹಾಕುತ್ತಾ ಬನ್ನಿ. ಅವಳು ಬರಲಿಲ್ಲ ಅಂದರೆ ಹಿಂದಕ್ಕೆ ಹೋಗಿ. ಎಳೆಯಬೇಡಿ, ಬಾ ಬಾ ಅಂತ ಬಲವಂತ ಮಾಡಬೇಡಿ. ಪೊರಕೆ ಪಕ್ಕದಲ್ಲೇ ತಿನ್ನುವಂತಾದ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿ. ಆಮೇಲೆ ನೀವು ಕೂತುಕೊಂಡು, ಒಂದೇ ಕೈಯಲ್ಲಿ ನಿಧಾನಕ್ಕೆ ಒಂದಿಷ್ಟು ಸರಿಸಿ. ಕೂತವರ ಕೈಯಲ್ಲಿ ಪೊರಕೆ ಇದ್ದರೆ ಅಷ್ಟು ಭಯ ಆಗಲ್ಲ. ನಿಂತವರ ಕೈಯಲ್ಲಿ ಎತ್ತಿದ ಪೊರಕೆ ಕೊನೆಗೆ. ಮೊದಲ ವಾರ ಏನೂ ಆಗಲಿಲ್ಲ ಅನ್ನಿಸಬಹುದು, ನಿಲ್ಲಿಸಬೇಡಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಕೆಂಪಿ ಈಗ ನಂಬುವುದು ನಿಮ್ಮೊಬ್ಬರನ್ನೇ. ಕಾಯಿಲೆಯಲ್ಲಿ ಅದು ಬೇಕಿತ್ತು. ಈಗ ಬೇರೆಯವರ ಕೈಯಿಂದಲೂ ಒಳ್ಳೆಯದು ಬರುತ್ತೆ ಅಂತ ಅವಳಿಗೆ ಗೊತ್ತಾಗಬೇಕು. ನಾಳೆಯಿಂದ ಬೆಳಗಿನ ಊಟ ಅತ್ತೆ ಹಾಕಲಿ. ಸಂಜೆ ವಾಕಿಂಗ್ ನಿಮ್ಮ ಯಜಮಾನರು ಕರೆದುಕೊಂಡು ಹೋಗಲಿ. ಪಕ್ಕದ ಮನೆಯ ಮಕ್ಕಳು ಇದ್ದರೆ ಬಂದು ನೆಲದ ಮೇಲೆ ಕೂತು ಹೋಂವರ್ಕ್ ಮಾಡಲಿ, ಅವಳನ್ನು ಮುಟ್ಟುವುದು ಬೇಡ, ಅವಳೇ ಬಂದು ಮೂಸಲಿ. ಮಂಚದ ಪಕ್ಕದ ಹಾಸಿಗೆಯನ್ನು ದಿನಾ ಎರಡಡಿ ಬಾಗಿಲ ಕಡೆ ಸರಿಸಿ. ಹೊರಗೆ ಹೋಗುವ ಅಭ್ಯಾಸವನ್ನು ಎರಡು ನಿಮಿಷದಿಂದ ಶುರು ಮಾಡಿ. ಬೀಗದ ಕೈ ತಗೊಳ್ಳಿ, ಚಪ್ಪಲಿ ಹಾಕಿ, ಮತ್ತೆ ಬಂದು ಸುಮ್ನೆ ಕೂತುಕೊಳ್ಳಿ. ಹತ್ತು ಸಲ ಹೀಗೆ ಮಾಡಿದರೆ ಬೀಗದ ಕೈ ಸದ್ದಿಗೆ ಅರ್ಥವೇ ಇರಲ್ಲ. ಹೋಗುವಾಗ ಮುದ್ದು, ಬಂದಾಗ ದೊಡ್ಡ ಸಂಭ್ರಮ, ಎರಡೂ ಬೇಡ. ಇದು ನಿಮಗೇ ಜಾಸ್ತಿ ಕಷ್ಟ. ನನಗೂ ಪ್ರತಿ ಸಲ ಕಷ್ಟ ಆಗಿದೆ.

ಪೊರಕೆ ವಿಷಯ ಇವತ್ತೇ ಫೋನ್ ಮಾಡಿ ಹೇಳಿ. ಮಲಗಿದಲ್ಲೇ ಉಚ್ಚೆ ಮಾಡಿಕೊಳ್ಳುತ್ತಾಳೆ ಅನ್ನುವುದನ್ನೂ ಹೇಳಿ. ಬೇಡ ಅನ್ನುವವರು ಈಗಲೇ ಬೇಡ ಅಂದರೆ ಕೆಂಪಿಗೆ ಒಂದು ಮನೆ ತಪ್ಪುತ್ತೆ, ಅಷ್ಟೇ. ಹೋದ ಮೇಲೆ ಅಂದರೆ ಅವಳು ಎರಡನೇ ಸಲ ಮನೆ ಕಳೆದುಕೊಳ್ಳುತ್ತಾಳೆ.

ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಗುಂಡ ಅಂತ ಒಂದು ಗಂಡು ನಾಯಿಯನ್ನು ದೀಪಾವಳಿಗೆ ನಾಲ್ಕು ದಿನ ಮುಂಚೆ ಕಳಿಸಿದೆ. ಅವರಿಗೆ ಹಬ್ಬದ ರಜ ಇತ್ತು, ಜೊತೆಯಲ್ಲಿರುತ್ತಾರೆ ಅಂದುಕೊಂಡೆ. ಎರಡನೇ ರಾತ್ರಿ ಒಂದು ಲಕ್ಷ್ಮಿ ಪಟಾಕಿ ಸದ್ದಿಗೆ ಕುತ್ತಿಗೆ ಬೆಲ್ಟ್‌ನಿಂದ ತಲೆ ಬಿಡಿಸಿಕೊಂಡು ಓಡಿದ. ಐದು ದಿನ ಹುಡುಕಿದೆವು. ಮೂರು ಕಿಲೋಮೀಟರ್ ದೂರದಲ್ಲಿ ಎಳನೀರು ಗಾಡಿಯ ಕೆಳಗೆ ಸಿಕ್ಕಿದ, ಪಾದದ ಚರ್ಮ ಸುಲಿದು ಹೋಗಿತ್ತು. ನನ್ನ ದನಿ ಕೇಳಿದರೂ ಹೊರಗೆ ಬರಲಿಲ್ಲ. ಗಾಡಿ ಪಕ್ಕ ನೆಲದ ಮೇಲೆ ಒಂದು ಗಂಟೆ ಕೂತೆ. ಆಮೇಲೆ ತೆವಳಿಕೊಂಡು ಬಂದು ತಲೆಯನ್ನು ನನ್ನ ಕಾಲ ಮೇಲೆ ಇಟ್ಟ. ಅವತ್ತಿನಿಂದ ದೀಪಾವಳಿಗೆ ಮೂರು ವಾರ ಇರುವಾಗಿಂದ ಯಾವ ನಾಯಿಯನ್ನೂ ಕಳಿಸಲ್ಲ. ಕಳಿಸುವಾಗ ಕುತ್ತಿಗೆ ಬೆಲ್ಟ್‌ಗೆ ಒಂದು ಹಗ್ಗ, ಎದೆಗೆ ಹಾಕುವ ಹಾರ್ನೆಸ್‌ಗೆ ಇನ್ನೊಂದು ಹಗ್ಗ. ಮೊದಲ ತಿಂಗಳು ಎರಡೂ ಇರಲೇಬೇಕು. ಬೆಲ್ಟ್ ಮೇಲೆ ಫೋನ್ ನಂಬರ್ ಬರೆಸಿ.

ಮತ್ತೆ ಲಿಫ್ಟ್. ಮೈಸೂರಲ್ಲೇ ಯಾರಾದರೂ ಪರಿಚಯದವರ ಅಪಾರ್ಟ್‌ಮೆಂಟ್ ಇರುತ್ತೆ. ಮಧ್ಯಾಹ್ನ ಜನ ಇಲ್ಲದ ಹೊತ್ತಲ್ಲಿ ಹೋಗಿ. ಮೊದಲ ದಿನ ಬಾಗಿಲು ತೆರೆಯುವುದು, ಮುಚ್ಚುವುದು ನೋಡಲಿ, ಸಾಕು.

ಹಾಸನ_ಹುಡುಗ

ಅಕ್ಕ, ತಪ್ಪು ತಿಳಿಯಬೇಡಿ. ಇಷ್ಟು ಹಚ್ಚಿಕೊಂಡಿದ್ದಾಳೆ, ನೀವೇ ಇಟ್ಟುಕೊಳ್ಳಬಹುದಲ್ವಾ?

ಕೆಂಪಿ_ಮನೆ, ಮೈಸೂರು

ಅತ್ತೆಯೂ ದಿನಾ ಇದನ್ನೇ ಕೇಳುತ್ತಾರೆ. ನಮ್ಮಲ್ಲಿ ಈಗಾಗಲೇ ಹದಿಮೂರು ವರ್ಷದ ಮುದಿ ನಾಯಿ ಇದೆ, ಕಣ್ಣು ಕಾಣಲ್ಲ. ಈ ಮನೆಯಲ್ಲಿ ಜಾಗ ಇರುವುದು ಇನ್ನೊಂದಕ್ಕೆ ಮಾತ್ರ. ಮಳೆಗಾಲ ಮುಗಿದ ಮೇಲೆ ನಮ್ಮ ರಸ್ತೆಯಲ್ಲಿ ಮರಿಗಳು ಹುಟ್ಟುವ ಕಾಲ. ಕಳೆದ ವರ್ಷ ಇದೇ ಮೋರಿ ಹತ್ತಿರ ಒಂದು ಮರಿಯನ್ನು ಜಾಗ ಇಲ್ಲ ಅಂತ ಬಿಟ್ಟು ಬಂದೆ. ಮಾರನೇ ದಿನ ಹೋದಾಗ ಅದು ಇರಲಿಲ್ಲ. ಆ ಜಾಗ ಖಾಲಿ ಇಡಬೇಕು ನನಗೆ.

ಶಿವಮೊಗ್ಗ_ವೆಟ್

ನಾನು ಪಶುವೈದ್ಯ. ಆರೋಗ್ಯದ ಬಗ್ಗೆ ಮಾತ್ರ ಹೇಳುತ್ತೇನೆ.

ಮಾತ್ರೆ ಮುಗಿದ ಮೇಲೆ ರಕ್ತ ಪರೀಕ್ಷೆ ಮತ್ತೆ ಮಾಡಿಸಿದ್ದೀರಾ? ತೂಕ ಏರಿದೆ ಅಂದ ಮಾತ್ರಕ್ಕೆ ಪ್ಲೇಟ್‌ಲೆಟ್ ಸರಿ ಇದೆ ಅನ್ನಲಾಗದು. ಸಂತಾನಹರಣ ಆಪರೇಷನ್ ಆಗಿಲ್ಲದಿದ್ದರೆ ಇದು ತುಂಬ ಮುಖ್ಯ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಹೊಟ್ಟೆ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ. ವರದಿ ಸರಿ ಬಂದ ಮೇಲೆ ನಿಮ್ಮ ಮನೆಯಲ್ಲಿರುವಾಗಲೇ ಆಪರೇಷನ್ ಮುಗಿಸಿ. ಹೊಲಿಗೆ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬಿಡಿ. ಹೊಸ ಮನೆಗೆ ಹೋಗಿ ಮಾಡಿಸುತ್ತಾರೆ ಅಂತ ಬಿಟ್ಟರೆ ಎಷ್ಟೋ ಸಲ ಅದು ಆಗುವುದೇ ಇಲ್ಲ. ಮರಿ ಹಾಕಿದ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ರೇಬೀಸ್ ಲಸಿಕೆ, ಪಾರ್ವೊ, ಡಿಸ್ಟೆಂಪರ್ ಅನ್ನುವ ನಾಯಿ ರೋಗಗಳ ಲಸಿಕೆ, ಜಂತುಹುಳದ ಔಷಧ ಎಲ್ಲವನ್ನೂ ದಿನಾಂಕದ ಸಮೇತ ಒಂದೇ ಪುಸ್ತಕದಲ್ಲಿ ಬರೆಸಿ. ರಕ್ತ ಪರೀಕ್ಷೆಯ ಎರಡೂ ವರದಿಗಳನ್ನು ಅದರ ಜೊತೆ ಕೊಡಿ. ಉಣ್ಣೆ ಔಷಧ ತಪ್ಪದೆ ಮುಂದುವರಿಯಬೇಕು, ಟಿಕ್ ಫೀವರ್ ಒಮ್ಮೆ ಬಂದರೆ ಮತ್ತೆ ಬರಲ್ಲ ಅನ್ನುವ ಹಾಗಿಲ್ಲ.

ನಿಮಗೂ ಒಂದು ಮಾತು. ಬೀದಿ ನಾಯಿಗಳನ್ನು ಪದೇಪದೇ ಎತ್ತಿಕೊಳ್ಳುವವರು ಮುಂಚಿತವಾಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡಿದ್ದರೂ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು, ಆಸ್ಪತ್ರೆಗೆ ಹೋಗಲೇಬೇಕು.

ಐದನೇ_ಮಹಡಿ, ಬೆಂಗಳೂರು

ನಾನು ಇನ್ನೊಂದು ಕಡೆಯವಳು. ಮೂರು ವರ್ಷದ ಹಿಂದೆ ಫಾಸ್ಟರ್ ಮನೆಯಿಂದ ಚಿನ್ನುವನ್ನು ದತ್ತು ತಂದೆ. ಏನೇನು ಗೊತ್ತಿದ್ದರೆ ಚೆನ್ನಾಗಿತ್ತು ಅನ್ನುವುದನ್ನು ಹೇಳುತ್ತೇನೆ.

ಚಿನ್ನು ಮಣ್ಣಲ್ಲಿ ಮಾತ್ರ ಉಚ್ಚೆ ಮಾಡುತ್ತಿದ್ದಳು. ನಮ್ಮಲ್ಲಿ ಕೆಳಗಿಳಿದರೆ ಬರೀ ಕಾಂಕ್ರೀಟು. ಮೊದಲ ದಿನ ಹತ್ತೊಂಬತ್ತು ಗಂಟೆ ತಡೆದುಕೊಂಡಿದ್ದಳು. ನಾನು ಅಳುತ್ತಾ ಡಾಕ್ಟರಿಗೆ ಫೋನ್ ಮಾಡಿದೆ. ಕೊನೆಗೆ ಅವಳನ್ನು ಸಾಕಿದವರು ಹೇಳಿದ ಮೇಲೆ ಒಂದು ಟ್ರೇಯಲ್ಲಿ ಮಣ್ಣು ಹುಲ್ಲು ಹಾಕಿ ಬಾಲ್ಕನಿಯಲ್ಲಿಟ್ಟೆ. ಕೆಂಪಿ ಎಲ್ಲಿ ಹೋಗುತ್ತಾಳೆ, ಎಷ್ಟು ಗಂಟೆಗೆ ಹೋಗುತ್ತಾಳೆ, ಏನು ತಿನ್ನುತ್ತಾಳೆ, ಯಾವ ಮಾತಿಗೆ ತಿರುಗಿ ನೋಡುತ್ತಾಳೆ, ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ಕನ್ನಡದಲ್ಲಿ ಕರೆಯುತ್ತೀರಾದರೆ ಆ ಮಾತುಗಳನ್ನೇ ಬರೆಯಿರಿ. ಚಿನ್ನುಗೆ "ಬಾರಮ್ಮ" ಅಂದರೆ ಮಾತ್ರ ಗೊತ್ತಾಗುತ್ತಿತ್ತು, ನಾವು ಎರಡು ದಿನ "ಕಮ್ ಕಮ್" ಅಂತ ಕರೆದೆವು.

ಏಳನೇ ಮಹಡಿ ಅಂದಿರಿ. ಬಾಲ್ಕನಿಗೆ ಜಾಲರಿ ಇದೆಯಾ ಅಂತ ನೀವೇ ಹೋಗಿ ನೋಡಿ, ಫೋಟೊ ಸಾಲದು. ಸ್ವಂತ ಮನೆಯೋ ಬಾಡಿಗೆಯೋ ಕೇಳಿ. ಬಾಡಿಗೆ ಆಗಿದ್ದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿರಲಿ. ನಮ್ಮ ಅಪಾರ್ಟ್‌ಮೆಂಟ್ ಸಂಘದವರು ನಾಯಿ ಇಡುವಂತಿಲ್ಲ ಅಂತ ಗಲಾಟೆ ಮಾಡಿದ್ದರು. ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರತಿ ತೋರಿಸಿದ ಮೇಲೆ ಸುಮ್ಮನಾದರು. ಆದರೆ ಆ ಎರಡು ತಿಂಗಳು ನಾನು ಗಟ್ಟಿ ನಿಂತಿದ್ದಕ್ಕೆ ಚಿನ್ನು ಉಳಿದಳು. ಆ ಕುಟುಂಬ ಹಾಗೆ ನಿಲ್ಲುತ್ತಾ ಅಂತ ನೇರವಾಗಿ ಕೇಳಿ.

ದತ್ತು ಪತ್ರದಲ್ಲಿ ಒಂದು ಸಾಲು ಇರಲೇಬೇಕು: ಯಾವ ಕಾರಣಕ್ಕೂ ಬೇಡ ಅನ್ನಿಸಿದರೆ ನಾಯಿಯನ್ನು ನಿಮಗೇ ತಂದು ಒಪ್ಪಿಸಬೇಕು. ಸುಪ್ರೀಂ ಕೋರ್ಟ್ ಕೂಡ 2025ರ ಆಗಸ್ಟ್ 22ರ ಆದೇಶದಲ್ಲಿ, ನಗರಸಭೆಗೆ ಅರ್ಜಿ ಹಾಕಿ ಬೀದಿ ನಾಯಿ ದತ್ತು ಪಡೆದವರು ಅದು ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳಬೇಕು ಅಂದಿದೆ. ನಿಮ್ಮದು ಮನೆಯಿಂದ ಮನೆಗೆ ಕೊಡುವ ದತ್ತು, ಆದರೂ ಈ ಮಾತು ಅವರಿಗೆ ಗೊತ್ತಿರಲಿ.

ಮತ್ತೆ, ಬಿಟ್ಟು ಹೋದರು ಅಂದುಕೊಳ್ತಾಳಾ ಅಂತ ಕೇಳಿದಿರಿ. ಚಿನ್ನು ಮೂರು ದಿನ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಮೂರನೇ ವಾರದಲ್ಲಿ ನನ್ನ ಚಪ್ಪಲಿ ಕಚ್ಚಿಕೊಂಡು ಹೋಗಿ ಹಾಸಿಗೆಯಲ್ಲಿಟ್ಟುಕೊಂಡಳು. ಸಾಕಿದವರು ಐದು ತಿಂಗಳಾದ ಮೇಲೆ ನೋಡಲು ಬಂದರು. ಅವರ ಮೈಮೇಲೆ ಹತ್ತಿ, ಮುಖ ನೆಕ್ಕಿ, ಅರ್ಧ ಗಂಟೆ ಬಿಡಲಿಲ್ಲ. ಅವರು ಹೊರಟಾಗ ಬಾಗಿಲ ತನಕ ಹೋಗಿ, ತಿರುಗಿ ಬಂದು ನನ್ನ ಪಕ್ಕ ಕೂತಳು.

ಕೆಂಪಿ_ಮನೆ, ಮೈಸೂರು (24 ದಿನಗಳ ನಂತರ)

ಎಲ್ಲರಿಗೂ ಹೇಳಬೇಕಿತ್ತು. ಡಾಕ್ಟರ್ ಸರ್, ರಕ್ತ ಪರೀಕ್ಷೆ ಮಾಡಿಸಿದೆ, ಪ್ಲೇಟ್‌ಲೆಟ್ 2 ಲಕ್ಷ 60 ಸಾವಿರ. ಆಪರೇಷನ್ ಆಯಿತು, ಹೊಲಿಗೆ ಒಣಗಿದೆ.

ಅಕ್ಕ, ನೀವು ಹೇಳಿದ ಹಾಗೇ ಮಾಡಿದೆ. ಎಂಟು ದಿನ ಪೊರಕೆ ಇರುವ ಮೂಲೆ ಕಡೆ ನೋಡಲೂ ಇಲ್ಲ. ಒಂಬತ್ತನೇ ದಿನ ಕುತ್ತಿಗೆ ಉದ್ದ ಮಾಡಿ, ಹಿಂಗಾಲು ಅಲ್ಲೇ ಬಿಟ್ಟು, ಮೂತಿ ಮಾತ್ರ ಮುಂದೆ ಚಾಚಿ ಚೂರು ಎತ್ತಿಕೊಂಡು ಓಡಿದಳು. ಇವತ್ತು ಕೆಲಸದ ಅಕ್ಕ ಹಾಲಿನ ಆ ತುದಿಯಲ್ಲಿ ಕೂತು ಗುಡಿಸುತ್ತಿದ್ದರು, ಕೆಂಪಿ ಈ ತುದಿಯಲ್ಲಿ ನಿಂತು ನೋಡುತ್ತಿದ್ದಳು. ಬಾಲ ಕಾಲ ಸಂದಿಯಲ್ಲೇ ಇತ್ತು. ಆದರೆ ನಿಂತಿದ್ದಳು. ಅಕ್ಕನ ಕಣ್ಣಲ್ಲಿ ನೀರು ಬಂತು.

ಆ ಕುಟುಂಬಕ್ಕೆ ಎಲ್ಲ ಹೇಳಿದೆ. ಒಂದು ನಿಮಿಷ ಆ ಕಡೆ ಮಾತೇ ಇರಲಿಲ್ಲ. ಆಮೇಲೆ ಆ ತಾಯಿ, ನಮ್ಮ ಮನೆಯಲ್ಲೂ ಒಂದು ಪೊರಕೆ ಈಗಿನಿಂದ ಮಲಗಿಸಿಯೇ ಇಡುತ್ತೇವೆ ಅಂದರು. ಎರಡು ಭಾನುವಾರ ಬಂದು ಹೋದರು. ಚಿಕ್ಕ ಹುಡುಗಿ ಗೋಡೆಗೆ ಒರಗಿ ಕೂತು ಕಥೆ ಪುಸ್ತಕ ಓದುತ್ತಿದ್ದಳು, ಕೆಂಪಿ ಹೋಗಿ ಅವಳ ಕಾಲುಬೆರಳು ನೆಕ್ಕಿದಳು. ನಾನೂ ಅವರ ಮನೆಗೆ ಹೋಗಿ ಬಂದೆ. ಸ್ವಂತ ಮನೆ, ಬಾಲ್ಕನಿಗೆ ಜಾಲರಿ ಹಾಕಿಸಿದ್ದಾರೆ. ದೀಪಾವಳಿ ಕಳೆದು ಎರಡನೇ ಭಾನುವಾರ ಕಳಿಸುವುದು ಅಂತ ಆಗಿದೆ. ಅವಳು ಮಲಗುವ ಅತ್ತೆಯ ಹಳೇ ಹತ್ತಿ ಸೀರೆಯೂ ಜೊತೆಗೆ ಹೋಗುತ್ತೆ. ಅದನ್ನು ಒಗೆಯಬೇಡ, ವಾಸನೆ ಹೋಗುತ್ತೆ ಅಂತ ಅತ್ತೆ ದಿನಾ ನೆನಪು ಮಾಡುತ್ತಾರೆ.

ಒಂದೇ ಒಂದು ಕೇಳಬೇಕಿತ್ತು. ಕಾರಲ್ಲಿ ಕೂರಿಸಿದರೆ ಹತ್ತು ನಿಮಿಷಕ್ಕೆ ವಾಂತಿ ಮಾಡುತ್ತಾಳೆ. ಬೆಂಗಳೂರಿಗೆ ಮೂರು ಗಂಟೆ ದಾರಿ. ಬೆಳಿಗ್ಗೆ ಊಟ ಹಾಕಲಾ, ಬೇಡ್ವಾ?

ಬನಶಂಕರಿ_ಅಕ್ಕ, ಬೆಂಗಳೂರು

ಹೊಟ್ಟೆ ತುಂಬ ಬೇಡ. ಹಿಂದಿನ ರಾತ್ರಿ ಸರಿಯಾಗಿ ಊಟ ಹಾಕಿ, ಬೆಳಿಗ್ಗೆ ನೀರು ಮಾತ್ರ. ಇನ್ನೂ ದಿನ ಇದೆಯಲ್ಲ, ಅಲ್ಲಿಯವರೆಗೆ ದಿನಾ ನಿಂತ ಕಾರಲ್ಲಿ ಐದು ನಿಮಿಷ ಕೂರಿಸಿ, ಆಮೇಲೆ ಒಂದು ಸುತ್ತು, ಆಮೇಲೆ ಎರಡು ಸುತ್ತು. ಆದರೂ ನಿಲ್ಲದಿದ್ದರೆ ವಾಂತಿಗೆ ಮಾತ್ರೆ ಇದೆ, ನಿಮ್ಮ ಡಾಕ್ಟರನ್ನು ಕೇಳಿ, ನೀವೇ ಕೊಡಬೇಡಿ. ಮದ್ದೂರಲ್ಲಿ ಕಾಫಿಗೆ ನಿಲ್ಲಿಸಿದರೆ, ಕಾರಿನ ಬಾಗಿಲು ತೆಗೆಯುವ ಮೊದಲು ಎರಡೂ ಹಗ್ಗ ನಿಮ್ಮ ಕೈಗೆ ಸುತ್ತಿಕೊಂಡಿರಲಿ.