ಮಕ್ಕಳ ಟೆನಿಸ್, ಅಮೆರಿಕದ ಕಾಲೇಜು ಸ್ಕಾಲರ್‌ಶಿಪ್: ಕೋಚ್‌ಗೆ ಕೇಳಿ

ಕೋಚ್: ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಕಾಲೇಜು ತಂಡದಲ್ಲಿ ನಾಲ್ಕು ವರ್ಷ ಆಡಿದ್ದೇನೆ, ಆಮೇಲೆ ಅಂಥದ್ದೇ ಒಂದು ತಂಡಕ್ಕೆ ಸಹಾಯಕ ಕೋಚ್ ಆಗಿದ್ದೆ. ಈಗ 12ರಿಂದ 18 ವರ್ಷದ ಮಕ್ಕಳಿಗೆ ಕಲಿಸುತ್ತೇನೆ. ಏನು ಬೇಕಾದರೂ ಕೇಳಿ, ಬಿಡುವಾದ ಹಾಗೆ ಉತ್ತರ ಬರೆಯುತ್ತೇನೆ.

ಇಬ್ಬರ ಅಮ್ಮ: ಸರ್, ಸ್ಕಾಲರ್‌ಶಿಪ್ ಸಿಗಬೇಕು ಅಂದರೆ ಯುಟಿಆರ್, ಅಂದರೆ ಆಟದ ಮಟ್ಟ ತೋರಿಸುವ ರೇಟಿಂಗ್, ಎಷ್ಟಿರಬೇಕು? ಮಗನಿಗೆ 13 ವರ್ಷ, ಈಗ 6 ಇದೆ.

ಕೋಚ್: ಎಲ್ಲ ಕಾಲೇಜಿಗೂ ಒಂದೇ ಅಂಕಿ ಅಂತ ಇಲ್ಲ ಮೇಡಂ. ನಿಮ್ಮ ಮನಸ್ಸಿನಲ್ಲಿರುವ ಕಾಲೇಜಿನ ತಂಡ ನೋಡಿ, ಅಲ್ಲಿ ಐದನೇ, ಆರನೇ ಸ್ಥಾನದಲ್ಲಿ ಸಿಂಗಲ್ಸ್ ಆಡುವವರ ಯುಟಿಆರ್ ಎಷ್ಟಿದೆ ಅಂತ ನೋಡಿ. ನಿಮ್ಮ ಮಗ ಅದರ ಹತ್ತಿರ ಬಂದಾಗ ಮಾತು ಶುರುವಾಗುತ್ತದೆ. ಯುಟಿಆರ್ ಹೋಗುವುದು 16.5ರವರೆಗೆ. ಗೆದ್ದನಾ ಸೋತನಾ ಅನ್ನುವುದಕ್ಕಿಂತ, ಎಂಥವರ ಎದುರು ಎಷ್ಟು ಗೇಮ್ ತೆಗೆದ ಅನ್ನುವುದು ಅದಕ್ಕೆ ಮುಖ್ಯ. 13ನೇ ವಯಸ್ಸಿಗೆ ಅದನ್ನು ದಿನಾ ತೆಗೆದು ನೋಡಬೇಡಿ, ಮಗನಿಗೂ ತೋರಿಸಬೇಡಿ.

ಎಡಗೈ ಅಪ್ಪ: ಸರ್, ಮಗನಿಗೆ 14. ಒಂದೇ ವರ್ಷದಲ್ಲಿ ನಾಲ್ಕು ಇಂಚು ಬೆಳೆದಿದ್ದಾನೆ. ಕಿಕ್ ಸರ್ವ್, ಅಂದರೆ ಚೆಂಡನ್ನು ತಿರುಗಿಸಿ ಎತ್ತರಕ್ಕೆ ಪುಟಿಸುವ ಸರ್ವ್, ಕಲಿಯುತ್ತಿದ್ದಾನೆ. ಐದು ವಾರದಿಂದ ಸೊಂಟ ನೋವು ಅನ್ನುತ್ತಾನೆ, ಸರ್ವ್ ಮಾಡುವಾಗ ಜಾಸ್ತಿ. ವಾರಕ್ಕೆ 20 ಗಂಟೆ ಅಭ್ಯಾಸ, ಯುಟಿಆರ್ ಏರಲಿ ಅಂತ ಪ್ರತಿ ಶನಿವಾರ ಭಾನುವಾರ ಟೂರ್ನಮೆಂಟ್. ಇದೇ ಗ್ರೂಪಿಗೆ ಬಂದ ಫಾರ್ವರ್ಡ್ ನೋಡಿ ದಿನಾ ಕಂಬಿ ಹಿಡಿದು ಜೋತಾಡಿಸುತ್ತಿದ್ದೇನೆ. ಪಂದ್ಯಕ್ಕೆ ಮೊದಲು ನೋವಿನ ಮಾತ್ರೆ ಕೊಡುತ್ತೇನೆ. ಮುಂದಿನ ತಿಂಗಳು ದೊಡ್ಡ ಟೂರ್ನಮೆಂಟ್ ಇದೆ. ಸರ್ವ್‌ನಲ್ಲಿ ಏನು ಬದಲಾಯಿಸಬೇಕು?

ಕೋಚ್: ಸರ್ವ್ ವಿಷಯ ಆಮೇಲೆ. ಮೊದಲು ಇದನ್ನು ಹೇಳಿ. ಹಿಂದಕ್ಕೆ ಬಾಗಿದರೆ ನೋವು ಜಾಸ್ತಿಯಾ, ಮುಂದಕ್ಕೆ ಬಾಗಿದರಾ? ಸೊಂಟದ ಒಂದೇ ಪಕ್ಕಕ್ಕಾ?

ಡಬಲ್ಸ್ ಅಕ್ಕ: ಮಗಳು ಒಂಬತ್ತನೇ ತರಗತಿ. 40 ಕಾಲೇಜು ಕೋಚ್‌ಗಳಿಗೆ ಇಮೇಲ್ ಕಳಿಸಿದಳು. ಒಬ್ಬರೂ ಉತ್ತರ ಕೊಟ್ಟಿಲ್ಲ. ತುಂಬಾ ಬೇಜಾರು ಮಾಡಿಕೊಂಡಿದ್ದಾಳೆ.

ಕೋಚ್: ಅವಳ ಆಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ದಯವಿಟ್ಟು ಇದನ್ನು ಅವಳಿಗೆ ಇವತ್ತೇ ಹೇಳಿ. ಡಿವಿಷನ್ 1, ಅಂದರೆ ಕಾಲೇಜು ಆಟದ ಮೇಲಿನ ದರ್ಜೆಯ ಕೋಚ್‌ಗಳು ಹತ್ತನೇ ತರಗತಿ ಮುಗಿದ ಮೇಲೆ ಬರುವ ಜೂನ್ 15ರವರೆಗೆ ತಂಡಕ್ಕೆ ಸೇರುವ ಬಗ್ಗೆ ಉತ್ತರ ಬರೆಯುವ ಹಾಗಿಲ್ಲ, ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ ಅದು. ಕಾಲೇಜಿಗೆ ಕರೆಸಿಕೊಳ್ಳುವುದು ಅದಾದ ಮೇಲೆ, ಆಗಸ್ಟ್ 1ರಿಂದ. ಆದರೆ ಬಂದದ್ದನ್ನು ಓದುತ್ತಾರೆ. ನಾನೇ ಓದಿ ಪಟ್ಟಿ ಮಾಡಿ ಇಡುತ್ತಿದ್ದೆ. ವಿಡಿಯೋ ಕಳಿಸುವಾಗ ಒಳ್ಳೊಳ್ಳೆ ಹೊಡೆತ ಕತ್ತರಿಸಿ ಹಾಡು ಹಾಕಬೇಡಿ. ಕೋರ್ಟಿನ ಹಿಂದೆ ಎತ್ತರದಲ್ಲಿ ಕ್ಯಾಮೆರಾ ಇಟ್ಟು, ನಾಲ್ಕೈದು ಗೇಮ್ ಹಾಗೇ ಪೂರ್ತಿ ಕಳಿಸಿ. ತಪ್ಪು ಮಾಡಿದ ಮೇಲೆ ಮುಂದಿನ ಪಾಯಿಂಟಿಗೆ ಹುಡುಗಿ ಹೇಗೆ ನಡೆದು ಬರುತ್ತಾಳೆ ಅನ್ನುವುದನ್ನೇ ನಾನು ಮೊದಲು ನೋಡುತ್ತಿದ್ದೆ. ಡಬಲ್ಸ್ ವಿಡಿಯೋವನ್ನೂ ಸೇರಿಸಿ. ಕಾಲೇಜು ಪಂದ್ಯ ಶುರುವಾಗುವುದೇ ಡಬಲ್ಸ್‌ನಿಂದ. ಮೂರು ಡಬಲ್ಸ್, ಒಂದೊಂದೇ ಸೆಟ್, ಎರಡು ಗೆದ್ದ ತಂಡಕ್ಕೆ ಒಂದು ಪಾಯಿಂಟ್. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೂ ಒಂದು ಪಾಯಿಂಟ್. ನೆಟ್ ಹತ್ತಿರ ಆಡಲು ಬರದ ಹುಡುಗಿಯನ್ನು ತೆಗೆದುಕೊಳ್ಳಲು ಕೋಚ್ ಎರಡು ಸಲ ಯೋಚಿಸುತ್ತಾರೆ.

ಹೊಸ ಸದಸ್ಯ: ಮಗಳಿಗೆ 15. ಯುಟಿಆರ್ ಎಷ್ಟು ಬೇಕು ಸರ್?

ಕೋಚ್: ಮೇಲೆ ಬರೆದಿದ್ದೇನೆ.

ಬೇಸ್‌ಲೈನ್ ಅಪ್ಪ: ಹಿಂದೆಯೂ ಹಾಕಿದ್ದೆ, ಬಂದದ್ದನ್ನು ಹಾಗೇ ಮತ್ತೆ ಹಾಕುತ್ತಿದ್ದೇನೆ, ಎಲ್ಲರಿಗೂ ಉಪಯೋಗ ಆಗುತ್ತದೆ: "14 ವರ್ಷದೊಳಗೆ ಯುಟಿಆರ್ 10 ಆಗದಿದ್ದರೆ ಸ್ಕಾಲರ್‌ಶಿಪ್ ಮರೆತುಬಿಡಿ. ದಿನಕ್ಕೆ 300 ಸರ್ವ್ ಮಾಡಿಸಿ. ಸೊಂಟ ನೋವಿಗೆ ಕಂಬಿ ಹಿಡಿದು ಜೋತಾಡಿದರೆ ಸಾಕು, ಎತ್ತರವೂ ಆಗುತ್ತಾರೆ."

ಎಡಗೈ ಅಪ್ಪ: ಸರ್, ಹಿಂದಕ್ಕೆ ಬಾಗಿದಾಗಲೇ ನೋವು. ಒಂದೇ ಪಕ್ಕ. ಮುಂದಕ್ಕೆ ಬಾಗಿದರೆ ಏನೂ ಇಲ್ಲ ಅನ್ನುತ್ತಾನೆ.

ಕೋಚ್: ಇವತ್ತಿನಿಂದ ರಾಕೆಟ್ ಒಳಗಿಡಿ. ಸರ್ವ್ ಮಾತ್ರ ಅಲ್ಲ, ಎಲ್ಲವೂ ನಿಲ್ಲಲಿ. ಕ್ರೀಡಾ ಗಾಯ ನೋಡುವ ವೈದ್ಯರ ಹತ್ತಿರ ಈ ವಾರವೇ ಹೋಗಿ. ನಾನು ವೈದ್ಯನಲ್ಲ, ನಿಮ್ಮ ಮಗನಿಗೆ ಇದೇ ಆಗಿದೆ ಅಂತ ಹೇಳಲಾರೆ. ಆದರೆ ಬೆಳೆಯುವ ವಯಸ್ಸಿನ ಆಟಗಾರನಿಗೆ ಹಿಂದಕ್ಕೆ ಬಾಗಿದಾಗ ವಾರಗಟ್ಟಲೆ ಸೊಂಟ ನೋವು ಬಂದರೆ, ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟಿದೆಯಾ ಅಂತ ಮೊದಲು ನೋಡಿಸಬೇಕು. ಬೆನ್ನುಮೂಳೆಯ ಹಿಂಭಾಗದಲ್ಲಿ ಸಣ್ಣ ಕಮಾನಿನಂಥ ಮೂಳೆ ಇರುತ್ತದೆ. ಕಿಕ್ ಸರ್ವ್‌ಗೆ ಹುಡುಗ ಹಿಂದಕ್ಕೆ ಬಾಗುತ್ತಾನೆ, ಜೊತೆಗೇ ತಿರುಗುತ್ತಾನೆ, ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ಈ ವಯಸ್ಸಿನಲ್ಲಿ ಆ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸಿ ಬಗ್ಗಿಸಿ ಮುರಿಯುತ್ತೀವಲ್ಲ, ಹಾಗೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಎಂಆರ್‌ಐ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಬೇಗ ಗೊತ್ತಾದರೆ ಸಾಮಾನ್ಯವಾಗಿ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತದೆ, ಆದರೆ ವಾರಗಳ ಲೆಕ್ಕ ಅಲ್ಲ, ತಿಂಗಳುಗಳ ಲೆಕ್ಕ.

ಮಾತ್ರೆ ಕೊಟ್ಟು ಆಡಿಸುವುದನ್ನು ನಿಲ್ಲಿಸಿ. ನಿಲ್ಲು ಅಂತ ಹುಡುಗನಿಗೆ ಹೇಳುವುದು ಆ ನೋವೊಂದೇ, ನೀವು ಅದರ ಬಾಯಿ ಮುಚ್ಚಿಸುತ್ತಿದ್ದೀರಿ. ಜೋತಾಡಿದರೆ ಮೂಳೆ ಕೂಡುವುದಿಲ್ಲ.

ನನ್ನ ಕೈಯಲ್ಲಿ ಒಬ್ಬ ಹುಡುಗ ಕಲಿಯುತ್ತಿದ್ದ, ಇದೇ ವಯಸ್ಸು. ಸರ್ವ್‌ಗೆ ಚೆಂಡನ್ನು ತಲೆಯ ಮೇಲೆ ಎಸೆಯುವ ಬದಲು ಮುಂದಕ್ಕೆ ಎಸೆಯಲು ಶುರು ಮಾಡಿದ. ನಾನು ಮೂರು ವಾರ ಅದನ್ನು ತಪ್ಪು ಅಂತ ತಿದ್ದಿದೆ. ಹಿಂದಕ್ಕೆ ಬಾಗುವುದನ್ನು ತಪ್ಪಿಸಿಕೊಳ್ಳಲು ಹಾಗೆ ಎಸೆಯುತ್ತಿದ್ದ ಅಂತ ನನಗೆ ಹೊಳೆಯಲಿಲ್ಲ. ಪಾಯಿಂಟ್ ಮುಗಿದ ಮೇಲೆ ಬೆನ್ನು ತಿರುಗಿಸಿ ಹೆಬ್ಬೆರಳಿನಿಂದ ಸೊಂಟ ಒತ್ತಿಕೊಳ್ಳುತ್ತಿದ್ದ, ನಾನು ಕಂಡೂ ಕೇಳಲಿಲ್ಲ. ಬಿರುಕು ಬಿಟ್ಟಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಾರಕ್ಕೆ ಎಷ್ಟು ಗಂಟೆ ಅನ್ನುವುದಕ್ಕೆ ಕ್ರೀಡಾ ವೈದ್ಯರು ಹೇಳುವ ಒಂದು ಸರಳ ಲೆಕ್ಕ ಇದೆ. ಮಗುವಿನ ವಯಸ್ಸಿಗಿಂತ ಜಾಸ್ತಿ ಗಂಟೆ ಬೇಡ. 14ಕ್ಕೆ 20 ಗಂಟೆ, ಮೇಲೆ ಎರಡು ದಿನ ಪಂದ್ಯ, ತುಂಬಾ ಜಾಸ್ತಿ ಆಯಿತು. ನಿಮ್ಮ ಮಗನಿಗೆ ಯಾವ ಡಿವಿಷನ್ 1 ಕೋಚ್ ಕೂಡ ಈಗ ಬರೆಯುವ ಹಾಗೇ ಇಲ್ಲ. ಮೂರು ನಾಲ್ಕು ತಿಂಗಳು ಆಡದಿದ್ದರೆ ಏನೂ ಕಳೆದುಹೋಗುವುದಿಲ್ಲ.

ಮತ್ತೆ, ಬೇಸ್‌ಲೈನ್ ಅಪ್ಪ, ಆ ಫಾರ್ವರ್ಡ್ ಅಳಿಸಿ. ಅದನ್ನೇ ನಂಬಿ ಒಂದು ಮಗು ಐದು ವಾರ ನೋವಿನಲ್ಲಿ ಆಡಿದೆ.

ಬೇಸ್‌ಲೈನ್ ಅಪ್ಪ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ ಅಷ್ಟೇ.

ಕೋಚ್: ಅಳಿಸಿ.

ತಂತಿ ಪ್ರಶ್ನೆ: ಸರ್, 13 ವರ್ಷದವರಿಗೆ ಸ್ಟ್ರಿಂಗ್ ಎಷ್ಟು ಬಿಗಿ ಇರಬೇಕು?

ನೆಟ್ ಅಣ್ಣ: ಏನೇ ಹೇಳಿ, ಸ್ಕಾಲರ್‌ಶಿಪ್ ಹುಡುಗಿಯರಿಗೆ ಸುಲಭ. ಡಿವಿಷನ್ 1ರಲ್ಲಿ ಅವರ ಒಂದು ತಂಡಕ್ಕೆ 8, ಹುಡುಗರ ತಂಡಕ್ಕೆ ಬರೀ 4.5, ಅದನ್ನೂ ಹಂಚಿಕೊಳ್ಳಬೇಕು.

ಡಬಲ್ಸ್ ಅಕ್ಕ: ಅದು ಹಳೆಯ ಲೆಕ್ಕ ಅಣ್ಣಾ. 2025ರ ಕೋರ್ಟ್ ಒಪ್ಪಂದದ ಮೇಲೆ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದಲ್ಲಿ ಎಷ್ಟು ಜನ ಅನ್ನುವ ಮಿತಿ ಬಂದಿದೆ. ಹುಡುಗರಿಗೂ 10, ಹುಡುಗಿಯರಿಗೂ 10.

ನೆಟ್ ಅಣ್ಣ: ಕಾಗದದ ಮೇಲೆ. ದುಡ್ಡು ಯಾರಿಗೆ ಕೊಡುತ್ತಾರೆ ನೋಡಿ.

ಡಬಲ್ಸ್ ಅಕ್ಕ: ನನ್ನ ಮಗಳು ಐದೂವರೆಗೆ ಎದ್ದು ಶಾಲೆಗೆ ಮೊದಲು ಕೋರ್ಟಿಗೆ ಹೋಗುತ್ತಾಳೆ. ಸುಲಭ ಅನ್ನುವ ಮಾತು ನನ್ನ ಹತ್ತಿರ ಬೇಡ.

ನೆಟ್ ಅಣ್ಣ: ನಾನು ನಿಮ್ಮ ಮಗಳ ಬಗ್ಗೆ ಹೇಳಲಿಲ್ಲ. ಎಲ್ಲವನ್ನೂ ಮೈಮೇಲೆ ಎಳೆದುಕೊಂಡರೆ ಹೇಗೆ?

ಬೇಸ್‌ಲೈನ್ ಅಪ್ಪ: ಕಾಲೇಜಿಗೆ ಹೋದರೆ ಪ್ರೊ ಆಗುವ ಕನಸು ಮುಗಿಯಿತು ಅಂತಲೂ ಹೇಳುತ್ತಾರಲ್ಲ?

ಇಬ್ಬರ ಅಮ್ಮ: ಯಾರು ಹೇಳಿದ್ದು? ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ಕಾಲೇಜಿಗೆ ಆಡಿ 2007, 2008 ಎರಡೂ ವರ್ಷ ಎನ್‌ಸಿಎಎ ಸಿಂಗಲ್ಸ್ ಗೆದ್ದು ಆಮೇಲೆ ಪ್ರೊ ಆದರು. ಅಮೆರಿಕದ ಪ್ರೊ ಬೆನ್ ಶೆಲ್ಟನ್ 2022ರಲ್ಲಿ ಅದನ್ನೇ ಗೆದ್ದದ್ದು ಫ್ಲೋರಿಡಾ ಕಾಲೇಜಿಗೆ ಆಡುತ್ತಾ.

ನೆಟ್ ಅಣ್ಣ: ನೂರರಲ್ಲಿ ಒಬ್ಬರ ಹೆಸರು ಹೇಳಿದರೆ ಆಯಿತಾ?

ಕೋಚ್: ಇಬ್ಬರೂ ನಿಲ್ಲಿಸಿ. ಹುಡುಗ ಹುಡುಗಿ ಜಗಳದಲ್ಲಿ ಮುಖ್ಯವಾದ ಮಾತೇ ಕಳೆದುಹೋಗುತ್ತಿದೆ. ಮಿತಿ ಹೋಯಿತು ಅಂದರೆ ಪ್ರತಿ ಕಾಲೇಜೂ ದುಡ್ಡು ಕೊಡುತ್ತದೆ ಅಂತಲ್ಲ, ಅದು ಆ ಕಾಲೇಜಿನ ಬಜೆಟ್ ಮೇಲೆ. ಡಿವಿಷನ್ 3ರಲ್ಲಿ ಮತ್ತು ಹಾರ್ವರ್ಡ್‌ನಂಥ ಎಂಟು ಕಾಲೇಜುಗಳ ಐವಿ ಲೀಗ್‌ನಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಆದರೆ ಮನೆಯ ಆದಾಯ ನೋಡಿ ಕೊಡುವ ನೆರವು ಇದೆ, ಡಿವಿಷನ್ 3ರ ಎಷ್ಟೋ ಕಾಲೇಜುಗಳಲ್ಲಿ ಅಂಕ ನೋಡಿ ಕೊಡುವುದೂ ಇದೆ. ಓದು ಚೆನ್ನಾಗಿರುವ ಮಗುವಿಗೆ ಅದೇ ದೊಡ್ಡ ಮೊತ್ತ ಆಗಬಹುದು.

ಮುಂಜಾನೆ ಅಭ್ಯಾಸ: ನಾವು ಮಗನನ್ನು ಆನ್‌ಲೈನ್ ಶಾಲೆಗೆ ಹಾಕಿ ದಿನವಿಡೀ ಆಡಿಸಬೇಕು ಅಂತಿದ್ದೇವೆ. ಸರೀನಾ?

ಕೋಚ್: ಆ ಶಾಲೆಯ ಪಾಠಗಳನ್ನು ಎನ್‌ಸಿಎಎ ಒಪ್ಪುತ್ತದಾ ಅಂತ ಫೀಸ್ ಕಟ್ಟುವ ಮೊದಲು ನೋಡಿ. 16 ಮುಖ್ಯ ಪಾಠ ಬೇಕು. ಡಿವಿಷನ್ 1ಕ್ಕೆ ಅದರಲ್ಲಿ 10 ಕೊನೆಯ ವರ್ಷ ಶುರುವಾಗುವ ಮೊದಲೇ ಮುಗಿದಿರಬೇಕು, ಆ ಪಾಠಗಳ ಸರಾಸರಿ 4ಕ್ಕೆ ಕನಿಷ್ಠ 2.3. ಇದರಲ್ಲಿ ಎಡವಿದರೆ ಎಂಥ ಸರ್ವ್ ಇದ್ದರೂ ಕೆಲಸಕ್ಕೆ ಬರುವುದಿಲ್ಲ.

ಅನಾಮಿಕ: ಒಬ್ಬ ಏಜೆಂಟ್ ಸ್ಕಾಲರ್‌ಶಿಪ್ ಗ್ಯಾರಂಟಿ ಅನ್ನುತ್ತಾನೆ. ಸಿಕ್ಕ ಮೊತ್ತದಲ್ಲಿ ಹತ್ತು ಪರ್ಸೆಂಟ್ ಕೊಡಬೇಕಂತೆ.

ಕೋಚ್: ಬೇಡ. ಸ್ಕಾಲರ್‌ಶಿಪ್ ಮೊತ್ತದಲ್ಲಿ ಪಾಲು ಕೊಡುವುದು ನಿಯಮಕ್ಕೆ ವಿರುದ್ಧ, ಮಗುವಿನ ಅರ್ಹತೆಗೇ ಕುತ್ತು. ಗ್ಯಾರಂಟಿ ಕೊಡಲು ಯಾರಿಂದಲೂ ಆಗುವುದಿಲ್ಲ.

ಒಂದು ವರ್ಷ ಬಿಡುವು: ಶಾಲೆ ಮುಗಿದ ಮೇಲೆ ಒಂದು ವರ್ಷ ಟೂರ್ನಮೆಂಟ್ ಆಡಿ ಆಮೇಲೆ ಕಾಲೇಜು ಸೇರಬಹುದಾ ಸರ್?

ಇನ್ನೊಬ್ಬ ಸದಸ್ಯ: ಯುಟಿಆರ್ 8 ಸಾಕಾಗುತ್ತಾ?

ಕೋಚ್: ಓದದೇ ಕೇಳಿದರೆ ನಾನು ಬರೆದು ಏನು ಪ್ರಯೋಜನ? ಮೊದಲನೇ ಉತ್ತರ ಓದಿ.

ಇನ್ನೊಬ್ಬ ಸದಸ್ಯ: ಕೇಳಿ ಅಂದಿದ್ದು ನೀವೇ ಅಲ್ವಾ. ಸಿಟ್ಟು ಯಾಕೆ?

ನೆಟ್ ಅಣ್ಣ: ಅದೇ ನಾನೂ ಹೇಳೋದು. ಅವರಿಗೆ ಬೇಕಾದವರಿಗೆ ಪುಟಗಟ್ಟಲೆ ಉತ್ತರ.

ಡಬಲ್ಸ್ ಅಕ್ಕ: ನೋವಿರುವ ಮಗುವಿಗೆ ಬರೆದರು. ಅದಕ್ಕೂ ತಕರಾರಾ?

ಎಡಗೈ ಅಪ್ಪ: ಸರ್, ವೈದ್ಯರ ಹತ್ತಿರ ಗುರುವಾರ ಸಮಯ ಸಿಕ್ಕಿದೆ. ಟೂರ್ನಮೆಂಟಿನಿಂದ ಹೆಸರು ತೆಗೆಸಿದೆ. ಮಗ ಅತ್ತ. ಆಮೇಲೆ ಹೇಳಿದ, ಐದು ವಾರ ಅಲ್ಲಪ್ಪಾ, ಎರಡು ತಿಂಗಳ ಮೇಲಾಯಿತು ಅಂತ.

ಕೋಚ್: ಆ ಎರಡು ತಿಂಗಳ ಮಾತನ್ನು ವೈದ್ಯರ ಮುಂದೆ ಅವನೇ ಹೇಳಲಿ. ಯಾವ ಮಾತ್ರೆ, ಎಷ್ಟು ದಿನ ಕೊಟ್ಟಿರಿ ಅನ್ನುವುದನ್ನು ನೀವು ಬರೆದುಕೊಂಡು ಹೋಗಿ. ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನನ್ನು ಬೈಯಬೇಡಿ. ಗುರುವಾರ ರಾತ್ರಿ ಎಷ್ಟು ಹೊತ್ತಾದರೂ ನನಗೆ ಮೆಸೇಜ್ ಮಾಡಿ.