ದೇವರಿಗೆ ಮೊದಲ ಸ್ಥಾನ ಕೊಡುವುದೆಂದರೆ ಮನೆಯ ಹೊಣೆಯನ್ನು ಹಿಂದಕ್ಕೆ ಸರಿಸುವುದೇ?

ಪ್ರಶ್ನೆ

ಕ್ರಿಸ್ತನಲ್ಲಿ ಎಲ್ಲರಿಗೂ ವಂದನೆಗಳು. ಕೆಲವು ತಿಂಗಳುಗಳಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದನ್ನು ಇಲ್ಲಿರುವ ಹಿರಿಯರ ಮುಂದಿಡುತ್ತಿದ್ದೇನೆ.

ನಾನು ಹೊರಗೆ ಕೆಲಸಕ್ಕೆ ಹೋಗುವವಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ. ಅತ್ತೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾರೆ. ಹಗಲಿನಲ್ಲಿ ನೋಡಿಕೊಳ್ಳಲು ಒಬ್ಬರು ಬರುತ್ತಾರೆ. ಸಂಜೆಯಿಂದ ಬೆಳಗಿನವರೆಗೆ ನಾನೂ ನಮ್ಮ ಯಜಮಾನರೂ ಸರದಿಯಂತೆ ಎದ್ದು ನೋಡಿಕೊಳ್ಳುತ್ತೇವೆ. ಬೆನ್ನಿನಲ್ಲಿ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಬಟ್ಟೆ ಒದ್ದೆಯಾಗಿದ್ದರೆ ಬೇರೆ ಹಾಕಬೇಕು. ಇದನ್ನು ದೂರಾಗಿ ಹೇಳುತ್ತಿಲ್ಲ. ಅವರು ನನ್ನನ್ನು ಮಗಳಂತೆ ಕಂಡವರು, ಅವರಿಗಾಗಿ ಇಷ್ಟು ಮಾಡಲು ಆಗುತ್ತಿರುವುದಕ್ಕೆ ದೇವರಿಗೆ ಸ್ತೋತ್ರ ಹೇಳುತ್ತೇನೆ.

ತೊಡಕಿರುವುದು ಬೇರೆ ಕಡೆ. ಮದುವೆಯಾದಂದಿನಿಂದ ನಾನು ಸಭೆಯ ಕೆಲಸಗಳಲ್ಲಿ ತೊಡಗಿಕೊಂಡವಳು. ಭಾನುವಾರದ ಆರಾಧನೆಗೆ ಮುಂಚೆ ಸಂಡೆ ಸ್ಕೂಲಿನಲ್ಲಿ ಪಾಠ, ವಾರದ ನಡುವೆ ಸ್ತ್ರೀಯರ ಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ ಇವೆಲ್ಲ ಇದ್ದವು. ಈಗ ಆರಾಧನೆಯೊಂದಕ್ಕೆ ಹೇಗೋ ಹೋಗುತ್ತೇನೆ, ಉಳಿದವು ತಪ್ಪುತ್ತಿವೆ. ಕೂಟದ ಹಿರಿಯ ಸಹೋದರಿಯೊಬ್ಬರು ಪ್ರೀತಿಯಿಂದಲೇ, ಆದರೆ ಎಲ್ಲರೆದುರಿಗೆ, ‘ಮೊದಲು ದೇವರ ರಾಜ್ಯವನ್ನು ಹುಡುಕಬೇಕು, ಆಮೇಲೆ ಮನೆ’ ಎಂದು ಮತ್ತಾಯ 6:33ನ್ನು ನೆನಪಿಸಿದರು. ಸಭೆಯಾಗಿ ಕೂಡಿಬರುವುದನ್ನು ಬಿಡಬಾರದೆಂಬ ಇಬ್ರಿಯರಿಗೆ 10:25ರ ಮಾತನ್ನೂ ಹೇಳಿದರು. ಅಂದಿನಿಂದ ಅತ್ತೆಯವರ ಬಳಿ ಕುಳಿತಾಗ ಸಭೆಯನ್ನು ಬಿಟ್ಟಿದ್ದೇನೆ ಎನ್ನಿಸುತ್ತದೆ, ಸಭೆಯಲ್ಲಿ ಕುಳಿತಾಗ ಅವರನ್ನು ಬಿಟ್ಟು ಬಂದಿದ್ದೇನೆ ಎನ್ನಿಸುತ್ತದೆ. ಬೆಳಗಿನ ಜಾವ ಸತ್ಯವೇದ ತೆರೆದರೆ ಒಂದೇ ವಚನದ ಮೇಲೆ ಕಣ್ಣು ಮತ್ತೆ ಮತ್ತೆ ಓಡಿ, ಕೊನೆಗೆ ಪುಸ್ತಕದ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗಿರುತ್ತೇನೆ.

ದೇವರಿಗೆ ಮೊದಲ ಸ್ಥಾನ ಕೊಡುವುದೆಂದರೆ ನನ್ನಂಥವರ ಪಾಲಿಗೆ ನಿಜವಾಗಿ ಏನು? ಸಮಾಧಾನದ ಮಾತಿಗಿಂತ ವಚನದ ಆಧಾರವಿರುವ ಉತ್ತರವನ್ನು ಬಯಸುತ್ತೇನೆ.

ಮೊದಲನೆಯ ಉತ್ತರ

ಸಹೋದರಿ, ನಿಮಗೆ ಹೇಳಿದ ಎರಡು ವಚನಗಳನ್ನೂ ಅವು ಇರುವ ಜಾಗದಲ್ಲಿಯೇ ಇಟ್ಟು ಓದೋಣ. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಮಾತನಾಡುತ್ತಿರುವುದು ಏನು ಉಣ್ಣಬೇಕು, ಏನು ಕುಡಿಯಬೇಕು, ಏನು ಹೊದೆಯಬೇಕು ಎಂಬ ಚಿಂತೆಯ ಕುರಿತು. ತನಗಾಗಿ ಕೂಡಿಡುವ ಆತುರವನ್ನು ಬಿಟ್ಟು ದೇವರ ರಾಜ್ಯವನ್ನೂ ನೀತಿಯನ್ನೂ ಹುಡುಕಿರಿ ಎಂಬುದು ಅಲ್ಲಿಯ ಮಾತು. ಹಾಸಿಗೆಯಲ್ಲಿರುವ ತಾಯಿಯನ್ನು ನೋಡಿಕೊಳ್ಳುವುದನ್ನು ಆ ಚಿಂತೆಗಳ ಸಾಲಿಗೆ ಸೇರಿಸಲು ಅಲ್ಲಿ ಯಾವ ಆಸ್ಪದವೂ ಇಲ್ಲ. ಅದು ದೇವರ ನೀತಿಗೆ ಸೇರಿದ್ದೇ ಹೊರತು ಅದಕ್ಕೆ ಎದುರಾದದ್ದಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಭಾಗ ಮಾರ್ಕನ ಏಳನೆಯ ಅಧ್ಯಾಯದಲ್ಲಿದೆ. ಆ ಕಾಲದಲ್ಲಿ ಒಬ್ಬನು ತನ್ನ ಆಸ್ತಿಯನ್ನೋ ಹಣವನ್ನೋ ತೋರಿಸಿ ‘ಇದು ಕೊರ್ಬಾನ್, ದೇವರಿಗೆ ಮೀಸಲು’ ಎಂದುಬಿಟ್ಟರೆ, ಆಮೇಲೆ ಅದರಿಂದ ತಂದೆತಾಯಿಗಳಿಗೆ ನೆರವಾಗುವ ಹಂಗು ಅವನಿಗಿರಲಿಲ್ಲ. ಹೊರನೋಟಕ್ಕೆ ಇದಕ್ಕಿಂತ ದೊಡ್ಡ ಭಕ್ತಿ ಇನ್ನೊಂದಿಲ್ಲ, ಏಕೆಂದರೆ ಇದ್ದದ್ದೆಲ್ಲ ದೇವರಿಗೇ ಹೋಯಿತು. ಯೇಸುಸ್ವಾಮಿ ಅದನ್ನು ಭಕ್ತಿಯೆಂದು ಒಪ್ಪಲಿಲ್ಲ. ತಂದೆತಾಯಿಗಳನ್ನು ಸನ್ಮಾನಿಸು ಎಂಬ ದೇವರಾಜ್ಞೆಯನ್ನು ನಿಮ್ಮ ಸಂಪ್ರದಾಯಕ್ಕಾಗಿ ನಿರರ್ಥಕ ಮಾಡುತ್ತಿದ್ದೀರಿ ಎಂದು ಫರಿಸಾಯರನ್ನೂ ಶಾಸ್ತ್ರಿಗಳನ್ನೂ ಗದರಿಸಿದರು. ಹಣದ ವಿಷಯದಲ್ಲಿ ಅವರು ಹೇಳಿದ್ದು ಸಮಯಕ್ಕೂ ಸಲ್ಲುತ್ತದೆಂದು ನಾನು ನಂಬುತ್ತೇನೆ. ಅತ್ತೆಯವರಿಗೆ ಸಲ್ಲಬೇಕಾದ ಗಂಟೆಯನ್ನು ‘ಇದು ದೇವರಿಗೆ ಮೀಸಲು’ ಎಂದು ಕೂಟಕ್ಕೆ ಒಯ್ಯುವುದು ಅದೇ ಕೊರ್ಬಾನ್ ಆದೀತು. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಿರಸ್ಕರಿಸಿದವನು ಎಂದು 1 ತಿಮೊಥೆಯ 5:8ರಲ್ಲಿ ಪೌಲನು ಬರೆಯುವಾಗ ಬಳಸಿದ ಕಟುವಾದ ಮಾತನ್ನು, ಕೂಟ ತಪ್ಪಿಸಿದವರ ಕುರಿತು ಅವನು ಎಲ್ಲಿಯೂ ಬಳಸಿಲ್ಲ. ಶಿಲುಬೆಯ ಮೇಲೆ, ಉಸಿರಾಡುವುದೇ ಕಷ್ಟವಾಗಿದ್ದ ಹೊತ್ತಿನಲ್ಲಿಯೂ, ಯೇಸುಸ್ವಾಮಿ ತಮ್ಮ ತಾಯಿಯನ್ನು ಶಿಷ್ಯನೊಬ್ಬನ ಕೈಗೆ ಒಪ್ಪಿಸಿದ್ದನ್ನು ಯೋಹಾನನ 19ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಮಾರ್ಟಿನ್ ಲೂಥರ್ ವಿವಾಹ ಜೀವನದ ಬಗ್ಗೆ 1522ರಲ್ಲಿ ಬರೆದಾಗ, ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ಜನರು ಹಂಗಿಸಬಹುದು, ಆದರೆ ಅವನು ಅದನ್ನು ನಂಬಿಕೆಯಿಂದ ಮಾಡುತ್ತಿದ್ದರೆ ದೇವರು ತನ್ನ ದೂತರೊಡನೆ ಅವನನ್ನು ಕಂಡು ಸಂತೋಷಪಡುತ್ತಾನೆ ಎಂಬ ಅರ್ಥದ ಮಾತನ್ನಾಡಿದರು. ಮಠದ ವ್ರತಗಳಷ್ಟೇ ದೇವರ ಕರೆ ಎಂದು ತಿಳಿದಿದ್ದ ಕಾಲದಲ್ಲಿ, ಸ್ವತಃ ಸನ್ಯಾಸಿಯಾಗಿದ್ದವರು ಅದನ್ನು ಹೇಳಿದ್ದರು. ರಾತ್ರಿ ಎದ್ದು ನಿಮ್ಮ ಅತ್ತೆಯವರ ಒದ್ದೆ ಬಟ್ಟೆ ಬದಲಿಸುವಾಗ ನೀವು ದೇವರ ಸೇವೆಯನ್ನು ಬಿಟ್ಟು ಬಂದಿಲ್ಲ.

ಎರಡನೆಯ ಉತ್ತರ

ಮೇಲಿನವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಅದರ ಜೊತೆಗೆ ಇನ್ನೊಂದು ಮಾತನ್ನೂ ಇಡಲೇಬೇಕು. ನಾನು ಕಥೋಲಿಕಳು, ಆದ್ದರಿಂದ ನಮ್ಮ ಪರಂಪರೆಯಿಂದ ತೆಗೆದುಕೊಂಡು ಹೇಳುತ್ತೇನೆ.

‘ಕೆಲಸವೇ ಪ್ರಾರ್ಥನೆ’ ಎಂಬುದನ್ನು ತುಂಬಾ ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳುತ್ತ ಹೇಳುತ್ತ ಪ್ರಾರ್ಥನೆ ಪೂರ್ತಿ ನಿಂತುಹೋಗಿ, ಕೆಲಸವೊಂದೇ ಉಳಿದು, ಕೊನೆಗೆ ಆ ಕೆಲಸದಲ್ಲಿ ಪ್ರೀತಿಯೂ ಬತ್ತಿಹೋದ ಮನೆಗಳನ್ನು ನಾನು ಬಲ್ಲೆ. ಲೂಕನ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡ ಮಾರ್ಥಳು ಮಾಡುತ್ತಿದ್ದದ್ದು ಕೆಟ್ಟ ಕೆಲಸವಲ್ಲ, ಮನೆಗೆ ಬಂದ ಕರ್ತರಿಗಾಗಿಯೇ ದುಡಿಯುತ್ತಿದ್ದಳು. ಯೇಸುಸ್ವಾಮಿ ಅವಳ ಅಡಿಗೆಯನ್ನು ತಪ್ಪೆನ್ನಲಿಲ್ಲ. ಅನೇಕ ವಿಷಯಗಳಿಗಾಗಿ ಚಿಂತಿಸಿ ಗಾಬರಿಯಾಗಿದ್ದೀ ಎಂದರು. ಸೇವೆ ಮಾಡುವವರ ಮನಸ್ಸು ಎಲ್ಲಿ ಒಡೆಯುತ್ತದೆಂಬುದನ್ನು ಅವರು ಅಷ್ಟು ಹತ್ತಿರದಿಂದ ಕಂಡಿದ್ದರು.

ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಈ ಎಳೆದಾಟ ನೇರವಾಗಿಯೇ ಕಾಣುತ್ತದೆ. 43ನೆಯ ಅಧ್ಯಾಯದಲ್ಲಿ, ಪ್ರಾರ್ಥನೆಯ ಗಂಟೆ ಕೇಳಿದೊಡನೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಬರಬೇಕು, ದೇವರ ಆರಾಧನೆಗಿಂತ ಮೇಲಾದದ್ದು ಯಾವುದೂ ಇರಬಾರದು ಎಂದಿದೆ. ಅದೇ ನಿಯಮಾವಳಿಯ 36ನೆಯ ಅಧ್ಯಾಯವು, ಎಲ್ಲಕ್ಕಿಂತ ಮೊದಲು ಮತ್ತು ಎಲ್ಲಕ್ಕಿಂತ ಮೇಲಾಗಿ ರೋಗಿಗಳ ಆರೈಕೆ ನಡೆಯಬೇಕು, ಅವರಲ್ಲಿ ಕ್ರಿಸ್ತನನ್ನೇ ಕಂಡು ಸೇವೆ ಮಾಡಬೇಕು ಎನ್ನುತ್ತದೆ. ಮೊದಲ ಬಾರಿಗೆ ಓದುವವರಿಗೆ ಒಂದಕ್ಕೊಂದು ವಿರುದ್ಧವೆನಿಸುತ್ತದೆ. ಇದಕ್ಕೆ ದಾರಿಯನ್ನು 50ನೆಯ ಅಧ್ಯಾಯ ತೋರಿಸುತ್ತದೆ: ದೂರದಲ್ಲಿ ದುಡಿಯುತ್ತಿದ್ದು ಹೊತ್ತಿಗೆ ಸರಿಯಾಗಿ ಪ್ರಾರ್ಥನಾಲಯಕ್ಕೆ ಬರಲಾಗದ ಸಹೋದರರು ತಾವಿದ್ದಲ್ಲಿಯೇ ಮೊಣಕಾಲೂರಿ ಆ ಹೊತ್ತಿನ ಪ್ರಾರ್ಥನೆಯನ್ನು ಸಲ್ಲಿಸಲಿ. ಅಂದರೆ ಜಾಗ ಬದಲಾಗಬಹುದು, ಹೊತ್ತು ಪೂರ್ತಿ ಬಿಟ್ಟುಹೋಗಬಾರದು. ನಿಮ್ಮ ಮನೆಯಲ್ಲಿ ಆ ಹೊತ್ತು ಅತ್ತೆಯವರ ಮಗ್ಗುಲು ಬದಲಿಸಿದ ನಂತರದ ಒಂದೆರಡು ನಿಮಿಷವಾಗಿರಬಹುದು. ಅವರ ಕೈ ಹಿಡಿದು, ಅವರಿಗೂ ಕೇಳಿಸುವಂತೆ, 23ನೆಯ ಕೀರ್ತನೆಯನ್ನೋ ಕರ್ತರು ಕಲಿಸಿದ ಪ್ರಾರ್ಥನೆಯನ್ನೋ ಹೇಳಬಹುದು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕೆಲವರು ಚಿಕ್ಕಂದಿನಿಂದ ಬಾಯಿಪಾಠವಾಗಿರುವ ಪ್ರಾರ್ಥನೆಯನ್ನೋ ಹಾಡನ್ನೋ ಜೊತೆಗೂಡಿ ಹೇಳಬಲ್ಲರು. ಅದು ಅವರಿಗೂ ಆರಾಧನೆಯಾಗುತ್ತದೆ.

1633ರಲ್ಲಿ ಲೂಯಿಸ್ ದ ಮರಿಯಾಕರ ಜೊತೆಗೂಡಿ ಬಡ ರೋಗಿಗಳ ಸೇವೆಗಾಗಿ ಸಹೋದರಿಯರ ಸಂಘ ಕಟ್ಟಿದ ಸಂತ ವಿನ್ಸೆಂಟ್ ದ ಪೌಲರು, ಪ್ರಾರ್ಥನೆಯ ನಡುವೆ ರೋಗಿಯೊಬ್ಬರಿಗಾಗಿ ಎದ್ದು ಹೋಗಬೇಕಾಗಿ ಬಂದರೆ ಕಳವಳಪಡಬೇಡಿ, ದೇವರಿಗಾಗಿಯೇ ದೇವರನ್ನು ಬಿಟ್ಟು ಹೋದಂತೆ ಎಂದು ಅವರಿಗೆ ಹೇಳುತ್ತಿದ್ದರು. ಆದರೆ ಆ ಸಹೋದರಿಯರು ಪ್ರತಿದಿನ ಪ್ರಾರ್ಥನೆಗೆ ಕುಳಿತುಕೊಳ್ಳುವವರು, ಅದಕ್ಕೇ ಎದ್ದು ಹೋಗುವ ಪ್ರಶ್ನೆ ಬಂದದ್ದು ಎಂಬುದನ್ನು ಮರೆಯಬಾರದು. ಇನ್ನು ನಿದ್ದೆಯ ವಿಷಯ: ಲಿಸಿಯೋದ ಸಂತ ತೆರೇಸಾ ಕೂಡ ಧ್ಯಾನದ ಹೊತ್ತಿನಲ್ಲಿ ನಿದ್ದೆ ಹೋಗುತ್ತಿದ್ದರು. ಮಕ್ಕಳು ಎಚ್ಚರವಿದ್ದಾಗಲೂ ಮಲಗಿದ್ದಾಗಲೂ ಹೆತ್ತವರಿಗೆ ಒಂದೇ ಎಂದು ಅವರು ಅದಕ್ಕಾಗಿ ದುಃಖಪಡಲಿಲ್ಲ. ನೀವೂ ಪಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ವಂದನೆಗಳು. ಕೊರ್ಬಾನಿನ ಭಾಗವನ್ನು ಎಷ್ಟೋ ಸಲ ಓದಿದ್ದರೂ ನನ್ನ ಮನೆಗೆ ತಂದು ಓದಿರಲಿಲ್ಲ. ನಿನ್ನೆ ರಾತ್ರಿ ಅತ್ತೆಯವರ ಬಳಿ ಕೀರ್ತನೆ ಹೇಳಿದಾಗ ಅವರು ಮಾತನಾಡಲಿಲ್ಲ, ಆದರೆ ಮುಗಿಯುವವರೆಗೂ ನನ್ನ ಬೆರಳನ್ನು ಬಿಡಲಿಲ್ಲ. ಉಳಿದಿರುವುದು ಒಂದೇ ಪ್ರಶ್ನೆ. ಸಂಡೆ ಸ್ಕೂಲನ್ನೂ ಕೂಟವನ್ನೂ ಬಿಡುತ್ತೇನೆಂದು ಸಭಾಪಾಲಕರಿಗೆ ಹೇಳುವುದು ಹೇಗೆ? ಇಬ್ರಿಯರಿಗೆ ಬರೆದ ಪತ್ರಿಕೆಯ ಆ ಮಾತು ಇನ್ನೂ ಚುಚ್ಚುತ್ತಿದೆ, ಕೊಟ್ಟ ಮಾತನ್ನು ಮುರಿದಂತೆಯೂ ಆಗುತ್ತದೆ.

ಮೂರನೆಯ ಉತ್ತರ

ಸಹೋದರಿ, ನಾನು ವೃತ್ತಿಯಿಂದ ಶುಶ್ರೂಷಕ, ಸಭೆಯ ಹಿರಿಯರ ಮಂಡಳಿಯಲ್ಲಿಯೂ ಇದ್ದವನು. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಸಭೆಯ ಕಡೆಯಿಂದಲೂ ನೋಡಲು ಬಯಸುತ್ತೇನೆ. ಇದುವರೆಗೆ ಎಲ್ಲರೂ ನೀವು ಏನು ಮಾಡಬೇಕೆಂದು ಹೇಳಿದರು. ಸಭೆ ಏನು ಮಾಡಬೇಕೆಂದು ಕೇಳಬೇಕಾಗಿದೆ.

ಇಬ್ರಿಯರಿಗೆ 10:25ನ್ನು ಅದರ ಹಿಂದಿನ ವಚನದೊಡನೆ ಓದಿ. ಪ್ರೀತಿಗೂ ಸತ್ಕಾರ್ಯಗಳಿಗೂ ಒಬ್ಬರನ್ನೊಬ್ಬರು ಪ್ರೇರಿಸುವುದು ಹೇಗೆಂದು ಯೋಚಿಸೋಣ ಎಂದು 24ನೆಯ ವಚನ ಹೇಳುತ್ತದೆ. ಕೂಡಿಬರುವುದು ಅದಕ್ಕಾಗಿ, ಒಬ್ಬರಿಗೊಬ್ಬರು ಧೈರ್ಯ ತುಂಬುವುದಕ್ಕಾಗಿ. ಒಬ್ಬ ಸಹೋದರಿ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತ ನಿದ್ದೆಗೆಟ್ಟಿರುವಾಗ ಅವರ ಹಾಜರಿಯನ್ನು ಮಾತ್ರ ಲೆಕ್ಕ ಹಾಕುವುದು ಆ ವಚನವನ್ನು ಪಾಲಿಸಿದಂತೆ ಆಗುವುದಿಲ್ಲ. ನೀವು ಆರಾಧನೆಗೆ ಹೋಗುತ್ತಿದ್ದೀರಿ, ಕೂಡಿಬರುವುದನ್ನು ಬಿಟ್ಟಿಲ್ಲ.

ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ನ್ಯಾಯ ತೀರಿಸುತ್ತಿದ್ದ ಮೋಶೆಯನ್ನು ಕಂಡು ಅವನ ಮಾವ ಇತ್ರೋನನು, ನೀನು ಮಾಡುವುದು ಒಳ್ಳೆಯದಲ್ಲ, ನೀನೂ ನಿನ್ನ ಜನರೂ ಬಳಲಿ ಹೋಗುವಿರಿ ಎಂದದ್ದು ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಮೋಶೆಯದು ದೇವರೇ ಕೊಟ್ಟ ಕೆಲಸ, ಆದರೂ ಹಂಚಿಕೊಳ್ಳಬೇಕಾಯಿತು. ವಿಧವೆಯರಿಗೆ ದಿನದಿನದ ಊಟ ಸರಿಯಾಗಿ ಸಿಗುತ್ತಿಲ್ಲವೆಂಬ ದೂರು ಬಂದಾಗ ಆದಿಸಭೆಯೂ ಏಳು ಮಂದಿಯನ್ನು ಆರಿಸಿ ಹೊಣೆ ಒಪ್ಪಿಸಿತು. ಅಪೊಸ್ತಲರ ಕೃತ್ಯಗಳು ಆರನೆಯ ಅಧ್ಯಾಯ. ನೀವು ನಿಮ್ಮ ಪಾಲನ್ನು ಇನ್ನೊಬ್ಬರ ಕೈಗೆ ಒಪ್ಪಿಸುತ್ತಿದ್ದೀರಿ, ಮಾತು ಮುರಿಯುತ್ತಿಲ್ಲ.

ಸಭಾಪಾಲಕರನ್ನು ಆರಾಧನೆಯ ಗಡಿಬಿಡಿಯಲ್ಲಿ ಮಾತನಾಡಿಸಬೇಡಿ. ಬೇರೆ ದಿನ, ಸಾಧ್ಯವಾದರೆ ಯಜಮಾನರೂ ನೀವೂ ಒಟ್ಟಿಗೆ ಹೋಗಿ, ಮನೆಯ ಒಂದು ರಾತ್ರಿ ಹೇಗೆ ಸಾಗುತ್ತದೆಂದು ಇಲ್ಲಿ ಬರೆದಂತೆಯೇ ಹೇಳಿ. ‘ಸಾಧ್ಯವಾದಾಗ ಬರುತ್ತೇನೆ’ ಎನ್ನಬೇಡಿ, ಅದು ನಿಮ್ಮನ್ನೂ ಅವರನ್ನೂ ಕಾಯಿಸುತ್ತದೆ. ಇಂಥ ಕೆಲಸದಿಂದ ಬಿಡುಗಡೆ ಬೇಕು, ಪಾಠದ ಪುಸ್ತಕಗಳನ್ನು ಇಂಥವರಿಗೆ ಒಪ್ಪಿಸಬಲ್ಲೆ ಎಂದು ಸ್ಪಷ್ಟವಾಗಿ ಹೇಳಿ. ಅದರ ಜೊತೆಗೆ ಎರಡು ವಿಷಯಗಳನ್ನು ಸಂಕೋಚವಿಲ್ಲದೆ ಕೇಳಿ. ಅಸ್ವಸ್ಥರಾದವರು ಸಭೆಯ ಹಿರಿಯರನ್ನು ಕರೆಸಲಿ, ಹಿರಿಯರು ಬಂದು ಪ್ರಾರ್ಥಿಸಲಿ ಎಂದು ಯಾಕೋಬ 5:14ರಲ್ಲಿದೆ. ಅಲ್ಲಿ ನಡೆದು ಬರಬೇಕಾದವರು ಹಿರಿಯರು. ಸ್ತ್ರೀಯರ ಕೂಟವೂ ಒಮ್ಮೊಮ್ಮೆ, ಅತ್ತೆಯವರಿಗೆ ಆಯಾಸವಾಗದಷ್ಟು ಹೊತ್ತು, ನಿಮ್ಮ ಮನೆಯಲ್ಲಿ ನಡೆಯಬಹುದು. ಇನ್ನೊಂದು, ನೀವಿಬ್ಬರೂ ಮಕ್ಕಳೊಡನೆ ಆರಾಧನೆಯಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳುವಂತೆ ಸಭೆಯಿಂದ ಒಬ್ಬರು ಭಾನುವಾರ ಅತ್ತೆಯವರ ಬಳಿ ಇರುವ ಏರ್ಪಾಡು. ಬರುವವರಿಗೆ ಮುಂಚಿತವಾಗಿ ಒಂದು ದಿನ ಮಗ್ಗುಲು ಬದಲಿಸುವ ಕ್ರಮವನ್ನು ತೋರಿಸಿಕೊಡಿ: ಕೈಹಿಡಿದು ಎಳೆಯಬಾರದು, ಅದರಿಂದ ಚರ್ಮ ತರಚುತ್ತದೆ, ಬಲವಿಲ್ಲದ ಭುಜಕ್ಕೂ ನೋವಾಗುತ್ತದೆ. ಅಡಿಯಲ್ಲಿ ಮಡಿಸಿ ಹಾಸಿದ ಬಟ್ಟೆಯ ಎರಡೂ ಅಂಚನ್ನು ಹಿಡಿದು ಇಬ್ಬರು ಒಟ್ಟಿಗೆ ಎತ್ತಿ ತಿರುಗಿಸಬೇಕು, ಮೊಣಕಾಲುಗಳ ನಡುವೆ ದಿಂಬಿಡಬೇಕು. ಹಾಗಾಗಿ ಭಾನುವಾರಕ್ಕೆ ಒಬ್ಬರ ಬದಲು ಇಬ್ಬರನ್ನು ಕೇಳುವುದೇ ಒಳ್ಳೆಯದು.